ಐತ ತಂದ ತೊಗಟೆ

ಐತನಿಗೆ ಹಾವಿನ ಹೆದರಿಕೆ ಇರಲಿಲ್ಲ, ಕಾಡುಹಂದಿಯ ಹೆದರಿಕೆಯೂ ಇರಲಿಲ್ಲ. ವರ್ಷಕ್ಕೆ ಒಂದು ದಿನ ಮಾತ್ರ ಅವನ ಮುಖ ನೋಡುವ ಹಾಗಿರುತ್ತಿರಲಿಲ್ಲ. ಅದು ಆಟಿ ಅಮಾವಾಸ್ಯೆಯ ಹಿಂದಿನ ದಿನ.

ಆಟಿ ಎಂದರೆ ಆಷಾಢದ ಮಳೆಗಾಲ. ಆ ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲು ಹಾಲೆ ಮರದ ತೊಗಟೆಯ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದು ಘಟ್ಟದ ಕೆಳಗಿನಿಂದ ಬಂದ ನಮ್ಮಂಥವರ ಮನೆಗಳಲ್ಲಿ ನಂಬಿಕೆ. ಚಂದ್ರ ಪೂರ್ತಿ ಸತ್ತ ಆ ಒಂದು ರಾತ್ರಿ ಸಾವಿರ ಮದ್ದು ಬಂದು ಆ ಮರವನ್ನು ಸೇರುತ್ತವಂತೆ. ತೊಗಟೆಗೆ ಕತ್ತಿ ಮುಟ್ಟಿಸಬಾರದು, ಕಲ್ಲಿನಲ್ಲಿ ಜಜ್ಜಿಯೇ ಕೀಳಬೇಕು. ಕೈಯಲ್ಲಿ ದೀಪ ಇರಬಾರದು. ಹೋಗುವಾಗ ಬರುವಾಗ ಯಾರ ಹತ್ತಿರವೂ ಮಾತಾಡಬಾರದು. ಭಂಡಿಗಡಿ ಹತ್ತಿರ ನಾವಿರುವ ತೋಟದ ಕೂಲಿ ಲೈನಿನ ಸಾಲುಮನೆಗಳಿಗೆಲ್ಲ ಆ ತೊಗಟೆ ತರುವವನು ಐತ.

ಇದರಲ್ಲಿ ಹೆದರುವುದು ಎಂತಕ್ಕೆ ಎಂದರೆ, ಹಾಲೆ ಮರ ಇರುವ ಕಾಡಿನಲ್ಲೇ ಕಾಸರಕದ ಮರವೂ ಇರುತ್ತದೆ. ಕಾಸರಕ ವಿಷ. ಎರಡೂ ಕಹಿ, ಕತ್ತಲಲ್ಲಿ ಮುಟ್ಟಿದರೆ ಎರಡೂ ಒರಟು. ಐತನ ತಾಯಿಯ ಊರಿನಲ್ಲಿ ಹಿಂದೆ ಒಂದು ಮನೆಯವರು ಹೀಗೆಯೇ ತಪ್ಪಿ ಕಾಸರಕ ಕುಡಿದಿದ್ದರಂತೆ. ಬಾಗಿಲು ದಡಾರೆಂದರೂ ಸಾಕು, ಮಲಗಿದವರು ಬಿಲ್ಲಿನ ಹಾಗೆ ಬಗ್ಗುತ್ತಿದ್ದರು, ಬಾಯಿ ಕಚ್ಚಿಹೋಗಿತ್ತು, ಬುದ್ಧಿ ಮಾತ್ರ ಕೊನೆಯವರೆಗೂ ಸರಿಯಿತ್ತು ಎಂದು ಆ ತಾಯಿ ಮಗನಿಗೆ ಹೇಳಿದ್ದಳು. ಹೇಳಬಾರದಿತ್ತು. ಐತ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಬೆಳೆದ.

ಆದಿತ್ಯವಾರ ಹುಟ್ಟಿದ್ದಕ್ಕೆ ಐತ ಎಂದು ಹೆಸರು. ತಾಯಿಯ ಸೊಂಟದ ಮೇಲೆ ಕೂತು ಘಟ್ಟ ಹತ್ತಿದವನು, ಮತ್ತೆ ಇಳಿಯಲಿಲ್ಲ. ಪ್ರಾಯದಲ್ಲಿ ಮರ ಹತ್ತಿ ಅಡಿಕೆ ಗೊನೆ ತೆಗೆಯುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಬುಟ್ಟಿ ಹೆಣೆಯುವುದು, ಬೇಲಿ ಕಟ್ಟುವುದು. ಕೃಷ್ಣಪಕ್ಷದಲ್ಲಲ್ಲದೆ ಬಿದಿರಿಗೆ ಕತ್ತಿ ಹಾಕುವವನಲ್ಲ. ಬೆಳದಿಂಗಳಲ್ಲಿ ಕಡಿದ ಬಿದಿರಿಗೆ ಹುಳ ಹೊಡೆಯುತ್ತದೆ ಎನ್ನುತ್ತಿದ್ದ. ಕ್ಯಾಲೆಂಡರ್ ನೋಡುತ್ತಿರಲಿಲ್ಲ, ರಾತ್ರಿ ಅಂಗಳಕ್ಕೆ ಹೋಗಿ ಮೇಲೆ ನೋಡಿ ಬಂದು ನಾಳೆ ಎಂತ ಎಂದು ಹೇಳುತ್ತಿದ್ದ. ಮಳೆಗಾಲದಲ್ಲಿ ಮೋಡ ಕವಿದು ಮೇಲೆ ಏನೂ ಕಾಣದಾಗ ಹೆಂಡತಿ ಹೊನ್ನಕ್ಕನ ಹತ್ತಿರ ಕೇಳುತ್ತಿದ್ದ.

ನನ್ನದು ಬಾಡಿಗೆ ಜೀಪು. ಅವನು ಎಷ್ಟೋ ಸಲ ಮುಂದಿನ ಸೀಟಿನಲ್ಲಿ ಸುಮ್ಮನೆ ಜೊತೆಗೆ ಬರುತ್ತಿದ್ದ. ಭೂಮಿ ಹುಣ್ಣಿಮೆಗೆ ಕಡಹಿನಬೈಲಿನ ಗದ್ದೆಯವರು ನಸುಕಿನಲ್ಲಿ ತೆನೆ ಹೊತ್ತ ಭೂಮಿಯನ್ನು ಬಸುರಿ ಎಂದು ಬಗೆದು ಅಡುಗೆ ಬಡಿಸುವುದನ್ನು ನೋಡಿದ್ದೇವೆ. ನರಸಿಂಹರಾಜಪುರದ ಕ್ರಿಶ್ಚಿಯನ್ನರನ್ನು ಈಸ್ಟರಿಗೆ ಚರ್ಚಿಗೆ ಕರೆದುಕೊಂಡು ಹೋದಾಗ, ಅದೂ ಹುಣ್ಣಿಮೆ ನೋಡಿಯೇ ಬರುವ ಹಬ್ಬ ಎಂದು ಅವರ ಪೈಕಿ ಒಬ್ಬರು ಹೇಳಿದರು. ಅಲ್ಲಿನ ಸಾಬರು ರಂಜಾನಿಗೆ ಬಿದಿಗೆ ಚಂದ್ರನನ್ನು ಹುಡುಕುವುದಂತೂ ಎಲ್ಲರಿಗೂ ಗೊತ್ತು. ಐತ ಬೀಡಿ ಆರಿಸಿ, "ದೇವ್ರು ಬೇರೆ ಬೇರೆ, ಎಲ್ರೂ ಮುಖ ನೋಡದು ಒಬ್ಬಂದೇ ಅಲ್ದಾ ಮಾರಾಯ," ಎಂದಿದ್ದ. ಇದನ್ನೆಲ್ಲ ಮೂಢನಂಬಿಕೆ ಎಂದು ಜೀಪಿನಲ್ಲಿ ಕೂತ ಒಬ್ಬ ಮನುಷ್ಯ ನಕ್ಕಾಗ ನನಗೆ ಪಿತ್ತ ನೆತ್ತಿಗೇರಿ ಅವನನ್ನು ಅರ್ಧ ದಾರಿಯಲ್ಲಿ ಇಳಿಸಿಬಿಟ್ಟಿದ್ದೆ.

ಎರಡು ಸಾವಿರದ ಒಂಬತ್ತರಲ್ಲಿ ಆಟಿ ಅಮಾವಾಸ್ಯೆಯ ದಿನವೇ ಸೂರ್ಯಗ್ರಹಣ ಬಿತ್ತು. ಸೂರ್ಯ ಹುಟ್ಟುವುದೇ ಗ್ರಹಣ ಹಿಡಿಸಿಕೊಂಡು ಎಂದು ಟಿ.ವಿ.ಯವರು ವಾರದಿಂದ ಬಡಿದುಕೊಳ್ಳುತ್ತಿದ್ದರು. ಲೈನಿನಲ್ಲಿ ತಕರಾರು ಎದ್ದಿತು. ಕಷಾಯವನ್ನು ಬೆಳಗಾಗುವ ಮೊದಲು ಕುಡಿಯಬೇಕು. ಗ್ರಹಣದಲ್ಲಿ ಒಂದು ಹನಿ ನೀರೂ ಬಾಯಿಗೆ ಹಾಕುವಂತಿಲ್ಲ. ಕುಡಿದ ಕೂಡಲೇ ಗ್ರಹಣ ಹಿಡಿದರೆ ಹೊಟ್ಟೆಯಲ್ಲಿರುವ ಮದ್ದು ಎಂತ ಆಗುತ್ತದೆ? ಕೊನೆಗೆ ಹೊನ್ನಕ್ಕನೇ ತೀರ್ಮಾನ ಮಾಡಿದಳು. ಎಂದಿನಂತೆ ತೊಗಟೆ ತಂದು ಎಲ್ಲರ ಪಾಲಿನ ಕಷಾಯವನ್ನೂ ತನ್ನ ಮನೆಯಲ್ಲೇ ಮಾಡಿಡುವುದು. ಗ್ರಹಣ ಬಿಟ್ಟು ಎಲ್ಲರೂ ತಲೆಗೆ ನೀರು ಹಾಕಿಕೊಂಡ ಮೇಲೆ ಕುಡಿಯುವುದು.

ಹೊನ್ನಕ್ಕನಿಗೆ ಬೇರೆಯೇ ದಿಗಿಲು. ಸೊಸೆ ಪವಿತ್ರಾ ತುಂಬು ಬಸುರಿ. ಗ್ರಹಣದ ನೆರಳು ಬಿದ್ದರೆ ಹುಟ್ಟುವ ಮಗುವಿನ ತುಟಿ ಸೀಳುತ್ತದೆ ಎಂದು ಅವಳನ್ನು ಒಳಕೋಣೆಯಲ್ಲಿ ಮಲಗಿಸಿ ಕಿಟಕಿಗೆ ಗೋಣಿ ತುರುಕಿದ್ದಳು. ಅಲ್ಲಾಡಬೇಡ, ಕಡ್ಡಿ ಮುರಿಯಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳು.

ಪವಿತ್ರಾಳ ಗಂಡ, ಐತನ ಮಗ ದೀಪು ಮಾತ್ರ ಕಾಯುವ ಹಾಗಿರಲಿಲ್ಲ. ಅವನಿಗೆ ಶೃಂಗೇರಿಯ ಒಂದು ವಸತಿಗೃಹದಲ್ಲಿ ಕೆಲಸ. ಗ್ರಹಣಸ್ನಾನಕ್ಕೆ ತುಂಗೆಗೆ ಜನ ಬರುತ್ತಾರೆ, ಮೊದಲ ಬಸ್ಸಿಗೇ ಬಾ ಎಂದು ಅಲ್ಲಿಂದ ಹೇಳಿದ್ದರು. ಹಿಂದಿನ ವರ್ಷ ಅವನು ಕಷಾಯ ತಪ್ಪಿಸಿಕೊಂಡಿದ್ದ, ಆ ಮಳೆಗಾಲದಲ್ಲೇ ಜ್ವರ ಬಂದು ಸಾಯುವ ಹಾಗಾಗಿದ್ದ. ಅದು ಐತನ ಮನಸ್ಸಿನಲ್ಲಿತ್ತು. ಗ್ರಹಣ ಹಿಡಿಯುವ ಮೊದಲೇ ನೀನೊಬ್ಬ ಕುಡಿದು ಹೋಗು ಎಂದು ತಾನೇ ಬಗ್ಗಿಸಿ ಕೊಟ್ಟನಂತೆ. ದೀಪು ಮುಖ ಕಿವಿಚಿ ಕುಡಿದು, ಮೇಲಿಂದ ಮೆಂತ್ಯದ ಗಂಜಿ ಕುಡಿದು, ಕೊಡೆ ಹಿಡಿದು ಬಸ್ಸಿಗೆ ಹೋದ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಬೆಳಕು ಹರಿಯಿತು ಎನ್ನುವಷ್ಟರಲ್ಲಿ ಮತ್ತೆ ಮಬ್ಬು ಕವಿಯುತ್ತಿತ್ತು. ಎಲ್ಲ ಮನೆಯವರೂ ಬಾಗಿಲು ಹಾಕಿಕೊಂಡು ಕೂತಿದ್ದೆವು. ಆಗ ಗೋಡೆಯ ಆಚೆ ಹೊನ್ನಕ್ಕ ಹೇಳಿದ್ದು ನನಗೆ ಕೇಳಿಸಿತು.

"ಈ ವರ್ಷ ಎಂತದೋ, ಕೆತ್ತೆ ಕೈಗೆ ಅಂಟ್ಲೇ ಇಲ್ಲ. ಪ್ರತಿ ವರ್ಷ ಎಣ್ಣೆ ಹಚ್ಚಿ ಉಜ್ಜಬೇಕಿತ್ತು."

ಕೆತ್ತೆ ಎಂದರೆ ತೊಗಟೆ. ಹಾಲೆ ಮರಕ್ಕೆ ಆ ಹೆಸರು ಬಂದದ್ದೇ ಅದರ ಹಾಲಿನಿಂದ. ಜಜ್ಜಿದರೆ ಬಿಳಿ ಹಾಲು ಬಂದು ಗೋಂದಿನ ಹಾಗೆ ಹಿಡಿಯುತ್ತದೆ. ಹಾಲು ಇರಲಿಲ್ಲವಾ ಎಂದು ಐತ ಕೇಳಿದ. ಮಳೆಯಲ್ಲಿ ತೊಳೆದು ಹೋಗಿರಬೇಕು ಎಂದುಕೊಂಡೆ ಎಂದಳು ಹೊನ್ನಕ್ಕ. ಮರುಕ್ಷಣ ಕಷಾಯದ ಪಾತ್ರೆ ಅಂಗಳಕ್ಕೆ ಬಿದ್ದು ಉರುಳಿದ ಸದ್ದು.

ನಾನು ಬಾಗಿಲು ತೆಗೆಯುವಷ್ಟರಲ್ಲಿ ಐತ ನಮ್ಮ ಜಗಲಿಯ ಮುಂದೆ ನಿಂತಿದ್ದ. ಕೈಯಲ್ಲಿ ಒಂದು ಚೂರು ತೊಗಟೆ. ಅದನ್ನು ನನ್ನ ಕಡೆ ಹಿಡಿದಿದ್ದ.

"ಸೀತಾರಾಮ, ಇದು ಕಾಸರಕ. ದೀಪು ಕುಡ್ದು ಹೋಗ್ಯಾನೆ."

ನನ್ನ ಬಾಯಿಂದ ಬಂದದ್ದನ್ನು ಬರೆಯುವ ಹಾಗಿಲ್ಲ. ಬೈಯುತ್ತಲೇ ಜೀಪಿನ ಕೀ ಹುಡುಕಿದೆ. ಒಳಕೋಣೆಯಿಂದ ಪವಿತ್ರಾ, ಮಾವ ಎಂತ ಆಯ್ತು ಎಂದು ಕೂಗಿ ಕೂಗಿ ಕೇಳುತ್ತಿದ್ದಳು. ಹೊನ್ನಕ್ಕ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಏನಿಲ್ಲ ಮಗಾ, ಪಾತ್ರೆ ಬಿತ್ತು ಎಂದಳು.

ಮಳೆಗಾಲದಲ್ಲಿ ನಮ್ಮ ಕಡೆ ಮೊಬೈಲಿಗೆ ರೇಂಜ್ ಸಿಗುವುದಿಲ್ಲ. ಬಸ್‌ಸ್ಟಾಪಿಗೆ ಬಂದರೆ ಒಂದು ನರಪಿಳ್ಳೆ ಇಲ್ಲ. ರೇಣುಕಪ್ಪನ ಚಾದಂಗಡಿ ಮುಚ್ಚಿತ್ತು. ಹಲಗೆಗೆ ಗುದ್ದಿದೆ. ಗ್ರಹಣ ಬಿಡುವ ತನಕ ಬಾಗಿಲು ತೆಗೆಯುವುದಿಲ್ಲ ಎಂದ ಅವನು ಒಳಗಿಂದ.

"ಬಾಗ್ಲು ತೆಗೀಬೇಡ ಮಾರಾಯ, ಬಾಯಿ ತೆಗಿ. ದೀಪು ಬಸ್ ಹತ್ತಿದ್ನಾ?"

"ಹತ್ತಿದ. ಕುತ್ತಿಗೆ ಎಂತಕೋ ಹಿಡ್ಕಂಡದೆ ಅಂತಿದ್ದ."

ಬಸ್ಸು ಹೋದ ದಾರಿಗೇ ಬಿಟ್ಟೆ. ಐತ ಪಕ್ಕದಲ್ಲಿ ಕೂತಿದ್ದ. ಜೀಪಿನ ಕಂಬಿ ಹಿಡಿದು ಮುಂದೆ ನೋಡುತ್ತಿದ್ದ. ಅಂಥ ಬೆಳಕನ್ನು ನಾನು ನೋಡಿದ್ದಿಲ್ಲ. ಮೋಡದ ಹಿಂದೆ ಸೂರ್ಯ ಎಲ್ಲಿದ್ದಾನೋ ಗೊತ್ತಿಲ್ಲ, ಆದರೆ ಯಾರೋ ಹಿಂಡುತ್ತಿದ್ದ ಹಾಗೆ ಬೆಳಕು ಕಡಿಮೆಯಾಗುತ್ತಿತ್ತು. ಹಕ್ಕಿಗಳ ಸದ್ದಿಲ್ಲ. ದಾರಿಯ ಮನೆಗಳ ಬಾಗಿಲೆಲ್ಲ ಮುಚ್ಚಿವೆ. ಊರಿಗೂರೇ ಸತ್ತಂತಿತ್ತು. ಬದುಕಿದವರು ನಾವಿಬ್ಬರೇ, ನಾವು ಹೋಗುತ್ತಿರುವುದು ಮತ್ತೊಬ್ಬ ಸತ್ತವನನ್ನು ತರಲಿಕ್ಕೆ ಎಂದು ಅನ್ನಿಸಿ ನಾನು ಜೀಪನ್ನು ಇನ್ನೂ ಜೋರಾಗಿ ಬಿಟ್ಟೆ.

ಒಂದು ತಿರುವು ದಾಟಿದರೆ ಬಸ್ಸು ನಿಂತಿತ್ತು. ದೀಪುವನ್ನು ಬಸ್ಸಿನೊಳಗೆ ಸೀಟುಗಳ ನಡುವೆ ಮಲಗಿಸಿದ್ದರು. ಮೂರ್ಛೆ ರೋಗ ಎಂದುಕೊಂಡು ಕಂಡಕ್ಟರ್ ಅವನ ಮುಷ್ಟಿಗೆ ಕಬ್ಬಿಣದ ಕೀಗೊಂಚಲು ತುರುಕಿದ್ದ. ಹಿಮ್ಮಡಿ ಮತ್ತು ತಲೆ ಮಾತ್ರ ನೆಲಕ್ಕೆ ತಾಗಿ ಬೆನ್ನು ಮೇಲೆದ್ದಿತ್ತು. ಸ್ನಾನಕ್ಕೆ ಹೊರಟಿದ್ದ ಒಬ್ಬರು ಮುದುಕರು, ಇದು ಗ್ರಹಣ ಬಡಿದದ್ದು, ಬಿಡುವವರೆಗೆ ಯಾರೂ ಮುಟ್ಟಬೇಡಿ ಎಂದು ಅಡ್ಡ ನಿಂತಿದ್ದರು. ಅವರನ್ನು ತಳ್ಳಿ ಹಾಕಲು ನಾನು ಕೈ ಎತ್ತಿದ್ದೆ. ಅಷ್ಟರಲ್ಲಿ ಐತ ಮುಂದೆ ಬಂದ.

"ಗ್ರಹಣ ಅಲ್ಲ. ಇವ್ನಿಗೆ ವಿಷ ಕುಡ್ಸಿದ್ದು ನಾನು. ನಾನು ಇವ್ನ ಅಪ್ಪ."

ಮೆಲ್ಲಗೆ ಹೇಳಿದ. ಮುದುಕರು ಸರಿದು ದಾರಿ ಬಿಟ್ಟರು. ಕಂಡಕ್ಟರನೂ ಕೈ ಹಾಕಿ, ನಾವು ದೀಪುವನ್ನು ಜೀಪಿಗೆ ಎತ್ತಿದೆವು. ಬಸ್ಸಿನ ಬಾಗಿಲು ಬಡಿದ ಸದ್ದಿಗೆ ಅವನ ಮೈ ಮತ್ತೆ ಬಿಲ್ಲಾಯಿತು. ಐತನಿಗೆ ತಾಯಿ ಹೇಳಿದ್ದು ಗೊತ್ತಿತ್ತಲ್ಲ. ನನ್ನ ಭುಜ ಮುಟ್ಟಿ, "ಸದ್ದು ಬೇಡ ಸೀತಾರಾಮ. ಹಾರನ್ ಹಾಕ್ಬೇಡ," ಎಂದ.

ನಮ್ಮ ಕಡೆಯ ತಿರುವುಗಳಲ್ಲಿ ಹಾರನ್ ಇಲ್ಲದೆ ಜೀಪು ಓಡಿಸುವುದೆಂದರೆ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಪ್ರತಿ ತಿರುವಿನಲ್ಲೂ ಎದುರಿಗೆ ಲಾರಿ ಬಂತು ಎಂದುಕೊಳ್ಳುತ್ತಿದ್ದೆ. ಜೋರಾಗಿ ಹೋದರೆ ಗುಂಡಿಗೆ ಬಿದ್ದು ಕುಲುಕುತ್ತದೆ, ಕುಲುಕಿದರೆ ಅವನು ಬಗ್ಗುತ್ತಾನೆ. ಮೆಲ್ಲಗೆ ಹೋದರೆ ಜೀವ ಉಳಿಯುವುದಿಲ್ಲ. ಬಾಯಿಬಿಟ್ಟು ಬೈಯುವ ಹಾಗೂ ಇಲ್ಲ, ನನಗೆ ಬೈಯದಿದ್ದರೆ ಧೈರ್ಯ ಬರುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ದೀಪುವಿನ ಕಣ್ಣು ತೆರೆದೇ ಇತ್ತು. ಅವನಿಗೆ ಎಲ್ಲ ತಿಳಿಯುತ್ತಿತ್ತು. ಅಪ್ಪನ ಮುಖವನ್ನೇ ನೋಡುತ್ತ ಏನೋ ಹೇಳಲು ಹೆಣಗುತ್ತಿದ್ದ. ಹಲ್ಲು ಕಚ್ಚಿದ್ದು ಬಿಡುತ್ತಿರಲಿಲ್ಲ. ಐತ ಮಗನ ಎರಡೂ ಕಿವಿಗೆ ಅಂಗೈ ಮುಚ್ಚಿ ಹಿಡಿದಿದ್ದ.

ಕೊಪ್ಪದ ಆಸ್ಪತ್ರೆಯಲ್ಲಿ ಡಾಕ್ಟರು ಇದ್ದರು. ಐತ ತೊಗಟೆಯ ಚೂರನ್ನು ಅವರ ಮೇಜಿನ ಮೇಲಿಟ್ಟು, ತಾನು ಮಾಡಿದ್ದನ್ನು ಹೇಳಿದ. ಅವರು ಮತ್ತೆ ಕೇಳಲಿಲ್ಲ. ಕೊನೆಯ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿಸಿ ಕತ್ತಲೆ ಮಾಡಿ, ಇಂಜೆಕ್ಷನ್ ಕೊಟ್ಟರು. ಉಸಿರಾಟ ನಿಲ್ಲದಿದ್ದರೆ ಉಳಿದುಕೊಳ್ಳುತ್ತಾನೆ, ಒಂದು ಸೂಜಿ ಬಿದ್ದ ಸದ್ದೂ ಆಗಬಾರದು ಎಂದರು.

ಅದೇ ಹೊತ್ತಿಗೆ ಗ್ರಹಣ ಬಿಟ್ಟಿತು. ಅಲ್ಲಿಯವರೆಗೆ ಸತ್ತಂತಿದ್ದ ಊರು ಒಮ್ಮೆಲೇ ಎದ್ದಿತು. ದೇವಸ್ಥಾನದ ಗಂಟೆ, ಮನೆ ಮನೆಯಲ್ಲೂ ನೀರು ಸುರಿಯುವ ಸದ್ದು, ಕೊಡಪಾನ ಬಿದ್ದ ಸದ್ದು. ಎದುರಿನ ಅಂಗಡಿಯವನು ಶಟರ್ ಎತ್ತಿದ. ಕಂಬಳಿ ಕಟ್ಟಿದ ಕೋಣೆಯಲ್ಲಿ ದೀಪುವಿನ ಮಂಚ ಕಿರುಗುಟ್ಟಿತು. ಐತ ರಸ್ತೆಗೆ ಓಡಿದ. ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ, ಅಂಗಡಿ ಅಂಗಡಿಯ ಮುಂದೆ ಕೈ ಮುಗಿದು ನಿಂತ. ಮೆಲ್ಲಗೆ ಎತ್ತಿ ಸ್ವಾಮಿ, ಒಳಗೆ ನನ್ನ ಮಗ ಇದ್ದಾನೆ ಎಂದು ಬೇಡಿದ. ಒಬ್ಬ ಹುಚ್ಚನೆಂದುಕೊಂಡು ನಕ್ಕ. ನಾನು ಹೋಗಿ ಅವನ ಎದುರು ನಿಂತೆ, ನಗು ನಿಂತಿತು. ಆಮೇಲೆ ಒಬ್ಬೊಬ್ಬರೇ ವಿಷಯ ತಿಳಿದು ಶಟರುಗಳನ್ನು ಇಬ್ಬಿಬ್ಬರು ಹಿಡಿದು ಸದ್ದಾಗದ ಹಾಗೆ ಎತ್ತಿದರು. ಆಟೋದವರು ದೂಡಿಕೊಂಡು ಹೋದರು.

ಮಧ್ಯಾಹ್ನ ಹೊನ್ನಕ್ಕನಿಗೆ ಸುದ್ದಿ ಹೇಳಲು ಹೋದವನು ಮರ ನೋಡಿ ಬಂದೆ. ಐತ ಪ್ರತಿ ವರ್ಷ ಹಿಂದಿನ ಸಂಜೆಯೇ ಹೋಗಿ ಹಾಲೆ ಮರಕ್ಕೆ ಬಾಳೆನಾರು ಕಟ್ಟಿ ಗುರುತು ಮಾಡಿ ಬರುತ್ತಿದ್ದ, ಕತ್ತಲಲ್ಲಿ ತಡಕಿ ನಾರು ಸಿಕ್ಕಿದ ಮರವನ್ನು ಜಜ್ಜುತ್ತಿದ್ದ. ಆ ಸಲವೂ ಕಟ್ಟಿದ್ದ. ಆದರೆ ಅವನು ಬಂದ ಮೇಲೆ, ತೋಟದ ಕೆಲಸದ ಸುಬ್ಬಿ ಕಾಡಿನ ಅಂಚಿನವರೆಗೂ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತ ಬಂದವಳು, ಪಕ್ಕದ ಕಾಸರಕದ ಮರಕ್ಕೂ ಒಂದು ಬಳ್ಳಿ ಹಚ್ಚಿ ಅದೇ ಬಾಳೆನಾರಿನಲ್ಲಿ ಕಟ್ಟಿ ಹೋಗಿದ್ದಳು. ಎರಡು ಮರ, ಎರಡು ನಾರು. ಬೈಯೋಣ ಎಂದರೆ ಯಾರಿಗೆ ಬೈಯುವುದು?

ಮರುದಿನ ದೀಪುವಿನ ದವಡೆ ಸಡಿಲವಾಯಿತು. ಐತ ಮಂಚದ ಪಕ್ಕ ನೆಲದಲ್ಲಿ ಕೂತಿದ್ದ, ಮಗನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ದೀಪು ತುಟಿ ಅಲ್ಲಾಡಿಸಿದ. ನಾವು ಬಗ್ಗಿ ಕಿವಿ ಕೊಟ್ಟೆವು.

"ಅಪ್ಪ, ನೀ ಕುಡೀಲಿಲ್ಲ ಅಲ್ದಾ?"

ಜೀಪಿನಲ್ಲಿ ಉದ್ದಕ್ಕೂ ಅವನು ಕೇಳಲು ಹೆಣಗಿದ್ದು ಅದನ್ನೇ. ಐತ ಮಂಚದ ಕಾಲಿಗೆ ಹಣೆ ಹಚ್ಚಿ, ಸದ್ದು ಮಾಡದೆ ಅತ್ತ.

ಪವಿತ್ರಾಳ ಹೆರಿಗೆ ಸುಸೂತ್ರವಾಯಿತು. ಹೊನ್ನಕ್ಕ ಮೊದಲು ನೋಡಿದ್ದು ಕೂಸಿನ ತುಟಿ.

ಮುಂದಿನ ಆಟಿ ಅಮಾವಾಸ್ಯೆಗೆ ಕಷಾಯವೇ ಬೇಡ ಎಂದು ನಾನು ಲೈನಿನಲ್ಲಿ ಜಗಳ ತೆಗೆದೆ. ಬಿಟ್ಟರೆ ಇನ್ನೇನು ಕೇಡು ಬರುತ್ತದೋ ಎಂದು ಉಳಿದವರಿಗೆ ಹೆದರಿಕೆ, ಕುಡಿಯುವುದಕ್ಕೂ ಹೆದರಿಕೆ. ಐತ ಹಿಂದಿನ ದಿನ ಹಾಡುಹಗಲಲ್ಲಿ ಹೋಗಿ, ಹಾಲು ಸೋರುವ ತೊಗಟೆಯನ್ನು ಎಲ್ಲರೂ ನೋಡುವ ಹಾಗೆ ಅಂಗಳಕ್ಕೆ ತಂದ. ಹಗಲು ತಂದದ್ದರಲ್ಲಿ ಮದ್ದು ಇರುವುದಿಲ್ಲ ಎಂದು ಕೆಲವರು ಗೊಣಗಿದರು. ಬೆಳಿಗ್ಗೆ ಕಷಾಯವಾದ ಮೇಲೆ ಯಾರಿಗೂ ಕೊಡಲಿಲ್ಲ. ತಾನೊಬ್ಬನೇ ಒಂದು ಲೋಟ ಕುಡಿದು ಜಗಲಿಯ ಮೆಟ್ಟಿಲ ಮೇಲೆ ಕೂತ. ನನಗೇನೂ ಆಗದಿದ್ದರೆ ಮಧ್ಯಾಹ್ನ ಕುಡಿಯಿರಿ ಎಂದ.

ಲೈನಿನವರೆಲ್ಲ ಅವರವರ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು. ಯಾರೂ ಕೆಮ್ಮಲಿಲ್ಲ. ನಾನು ಜೀಪನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಿ, ಒಳಗೆ ಕೂತಿದ್ದೆ. ಐತ ಒಂದು ಸಲ ಕುತ್ತಿಗೆಯನ್ನು ಈ ಕಡೆ ಆ ಕಡೆ ಹೊರಳಿಸಿದ. ನೊಣ ಓಡಿಸಲಿಕ್ಕೋ ಏನೋ. ದೀಪುವಿಗೆ ಮೊದಲು ಹಿಡಿದದ್ದೂ ಕುತ್ತಿಗೆಯೇ ಎಂದು ನೆನಪಾಗಿ ನಾನು ಜೀಪಿನ ಕೀಗೆ ಕೈ ಹಾಕಿದೆ.