ಮೀನಿನ ಹಾರನ್ ಕೇಳುವವರೆಗೆ

ಮೀನಿನ ಪೆಟ್ಟಿಗೆಯ ಮೂಲೆಯಿಂದ ಇಳಿದ ನೀರು ಸ್ಕೂಟರಿನ ಹಿಂದಿನ ಚಕ್ರದ ಪಕ್ಕದಿಂದ ಡಾಂಬರಿನ ಅಂಚಿನವರೆಗೆ ಎರಡು ಬೆರಳು ಅಗಲದ ಗೆರೆಯಾಗಿತ್ತು. ಗೆರೆಯ ಕೊನೆಯಲ್ಲಿ ಇರುವೆಗಳು ಸೇರಿದ್ದವು. ಸ್ಕೂಟರ್ ಅಲ್ಲಿ ನಿಂತು ಬಹಳ ಹೊತ್ತಾಗಿದೆ ಎಂದು ನಮಗೆ ತಿಳಿದದ್ದು ಹಾಗೆ.

ಕಡಬದಿಂದ ಇಚಿಲಂಪಾಡಿಯ ಕಡೆಗೆ ಹೋಗುವ ಒಂದು ಒಳದಾರಿಯಲ್ಲಿ ಮೀಸಲು ಅರಣ್ಯ ಶುರುವಾಗುವ ಜಾಗ ಅದು. ಡಾಂಬರು ಅಲ್ಲಿಗೆ ಮುಗಿಯುತ್ತದೆ. ಮುಂದಿನ ಆರು ಕಿಲೋಮೀಟರ್, ಹಿಂದೆ ಮರದ ಲಾರಿಗಳಿಗಾಗಿ ಕಡಿದ ಕೂಪು ರಸ್ತೆ. ಕಲ್ಲು, ಬೇರು, ಮಳೆಗಾಲದ ನೀರು ಕೊರೆದ ಚರಂಡಿ, ಬಹುಪಾಲು ಇಳಿಜಾರು. ನಾನೂ ಶಮೀಮಾಳೂ ಪುತ್ತೂರಿನಿಂದ ಸೈಕಲ್ ತುಳಿದು ಬಂದದ್ದು ಈ ಆರು ಕಿಲೋಮೀಟರಿಗಾಗಿಯೇ. ಶಮೀಮಾ ಎಂ.ಎಸ್ಸಿ.ಯಲ್ಲಿ ನನ್ನ ಜೊತೆ ಓದಿದವಳು. ಇಬ್ಬರ ಹತ್ತಿರವೂ ದಪ್ಪ ಟಯರಿನ, ಮುಂದೆ ಸ್ಪ್ರಿಂಗ್ ಇರುವ ಬೆಟ್ಟದ ಸೈಕಲ್‌ಗಳಿವೆ. ಇದು ಊರವರು ಓಡಾಡುವ ದಾರಿ, ಹಗಲು ಹೋಗಬಹುದು, ದಾರಿ ಬಿಟ್ಟು ಕಾಡಿಗೆ ಇಳಿಯಬಾರದು ಎಂದು ಮೊದಲೇ ವಿಚಾರಿಸಿಕೊಂಡಿದ್ದೆವು.

ಹಿಂದಿನ ದಿನ ಪುತ್ತೂರು ಬಿಟ್ಟು ಸುಳ್ಯದಲ್ಲಿ ಬನ್ಸ್ ತಿಂದು, ಬೆಳ್ಳಾರೆ, ನಿಂತಿಕಲ್ಲು ದಾಟಿ ಸಂಜೆಗೆ ಕಡಬ ಸೇರಿದ್ದೆವು. ಸುಮಾರು ಎಪ್ಪತ್ತು ಕಿಲೋಮೀಟರ್. ಡಿಸೆಂಬರಿನ ಬಿಸಿಲು, ಹೇಳಿಕೊಳ್ಳುವಂಥ ಸೆಕೆ ಇರಲಿಲ್ಲ. ಲಾಡ್ಜಿನಲ್ಲಿ ಇಬ್ಬರಿಗೆ ಎಂಟುನೂರು ರೂಪಾಯಿ. ಸೈಕಲ್‌ಗಳನ್ನು ಕೋಣೆಯೊಳಗೆ ತೆಗೆದುಕೊಂಡು ಹೋಗಲು ಮ್ಯಾನೇಜರ್ ಒಪ್ಪಿದರು, ಟಯರ್ ತೊಳೆದ ಮೇಲೆ.

ಸ್ಕೂಟರಿನವರು ಹಮೀದ್ ಕಾಕ. ವಯಸ್ಸು ಐವತ್ತು ದಾಟಿರಬಹುದು. ಬೂತಾಯಿ, ಬಂಗುಡೆ ಮೀನು ಹಾಕಿಕೊಂಡು ಕಾಡಿನ ಆಚೆಯ ಮನೆಗಳಿಗೆ ದಿನಾ ಹೋಗುವವರು. ಹ್ಯಾಂಡಲಿಗೆ ರಬ್ಬರಿನ ಉಂಡೆ ಅಮುಕುವ ಹಳೆಯ ಹಾರನ್ ಕಟ್ಟಿದ್ದರು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಫೋನು ನೋಡುತ್ತಿದ್ದವರು ನಮ್ಮ ಸೈಕಲ್ ನೋಡಿ ಎದ್ದರು.

“ಎಲ್ಲಿಗೆ ಹೋಗುದು?”

“ಈ ದಾರಿಯಲ್ಲೇ. ಆಚೆ ಇಳಿದು ಗುಂಡ್ಯಕ್ಕೆ,” ಎಂದೆ.

“ಗುಂಡ್ಯಕ್ಕೆ ಹೋಗ್ಲಿಕ್ಕೆ ಒಳ್ಳೆ ರಸ್ತೆ ಉಂಟಲ್ಲ ಮಾರಾಯ್ರೆ.”

“ಒಳ್ಳೆ ರಸ್ತೆ ನಮಗೆ ಬೇಡ,” ಎಂದಳು ಶಮೀಮಾ.

“ಹಾಗಾದ್ರೆ ಸರಿಯಾದ ಜಾಗಕ್ಕೇ ಬಂದಿದ್ದೀರಿ. ಕೂತುಕೊಳ್ಳಿ. ಒಳಗೆ ಆನೆ ಉಂಟು.”

ಕೆಲವು ವಾರಗಳಿಂದ ಒಂಟಿ ಆನೆಯೊಂದು ಆ ರಸ್ತೆಯ ಎರಡೂ ಬದಿ ಓಡಾಡುತ್ತಿತ್ತು. ಆಚೆಯ ಮನೆಗಳವರು ಕೇರಳದಿಂದ ಬಂದು ನೆಲೆಸಿದ ರಬ್ಬರ್ ಕೃಷಿಕರು. ಮೊದಲು ನಸುಕಿನಲ್ಲೇ ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗಿಗೆ, ಮರ ಕೆತ್ತಿ ರಬ್ಬರ್ ಹಾಲು ಇಳಿಸಲು, ಹೋಗುತ್ತಿದ್ದವರು ಈಗ ಹಮೀದ್ ಕಾಕನ ಹಾರನ್ ಕೇಳಿದ ಮೇಲೆಯೇ ಮನೆಯಿಂದ ಹೊರಡುತ್ತಾರೆ. ಅವರು ಬಂದರೆಂದರೆ ರಸ್ತೆಯಲ್ಲಿ ಆನೆ ಇಲ್ಲವೆಂದು ಅರ್ಥ. ಇತ್ತ ಹಮೀದ್ ಕಾಕ, ಆಚೆಯವರ ವಾಟ್ಸಪ್ ಗುಂಪಿನಲ್ಲಿ ‘ದಾರಿ ಸರಿ ಉಂಟು’ ಎಂಬ ಸಂದೇಶ ಬಂದ ಮೇಲೆಯೇ ಸ್ಕೂಟರ್ ಚಾಲೂ ಮಾಡುತ್ತಾರೆ. ಅವರು ಆಗಷ್ಟೇ ಬಂದ ಧ್ವನಿ ಸಂದೇಶವೊಂದನ್ನು ನಮಗೆ ಕೇಳಿಸಿದರು. ಹೆಂಗಸೊಬ್ಬರ ಧ್ವನಿ: “ಹಮೀದಿಕ್ಕನ ಹಾರನ್ ಇನ್ನೂ ಕೇಳ್ಲಿಲ್ಲ. ಯಾರೂ ತೋಟಕ್ಕೆ ಇಳೀಬೇಡಿ.”

“ಅವರು ನಿಮಗೆ ಕಾಯುತ್ತಿದ್ದಾರೆ. ನೀವು ಅವರಿಗೆ,” ಎಂದೆ. “ಆನೆಯನ್ನು ಈವತ್ತು ನೋಡಿದವರು ಯಾರೂ ಇಲ್ಲ.”

“ಅದು ನನಗೂ ಗೊತ್ತುಂಟು, ಅವರಿಗೂ ಗೊತ್ತುಂಟು. ಆದ್ರೆ ಮೊದಲು ಹೋಗುದು ಯಾರು?”

ನಿನ್ನೆಯೂ ಹೀಗೇ ಕೂತು, ಮಂಜುಗಡ್ಡೆ ಕರಗಿ, ಮೀನನ್ನು ತಿರುಗಿ ಒಯ್ದು ಉಪ್ಪು ಹಾಕಿದರಂತೆ. ಈವತ್ತೂ ಹೀಗಾದರೆ ಈ ಲೈನ್ ಬಿಟ್ಟು ಹೈವೇ ಕಡೆಗೆ ಮಾರಲು ಹೋಗುವುದೆಂದು ತೀರ್ಮಾನಿಸಿದ್ದರು. ಅದನ್ನು ದೂರುವ ಹಾಗೆ ಹೇಳಲಿಲ್ಲ. ಅಂಗಡಿ ಬದಲಾಯಿಸುವ ಮಾತಿನಂತಿತ್ತು.

ಶಮೀಮಾ ಹಮೀದ್ ಕಾಕನ ಜೊತೆ ಬ್ಯಾರಿ ಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿದಳು. ಮೂವರೂ ಒಟ್ಟಿಗೆ ಹೋಗುವುದೆಂದಾಯಿತು. ಆದರೆ ಅವರದೊಂದು ಷರತ್ತಿತ್ತು. “ನಿಮ್ಮ ಸೈಕಲ್ಲಿಗೆ ಶಬ್ದ ಇಲ್ಲ. ಆನೆಗೆ ಗೊತ್ತಾಗುದಿಲ್ಲ, ನೀವು ಅದರ ಕಾಲಿನ ಹತ್ತಿರ ಹೋಗಿ ನಿಲ್ತೀರಿ. ನಾನು ಮುಂದೆ. ನನ್ನನ್ನು ದಾಟಬಾರ್ದು.”

ಹಾಗಾಗಿ ನಾನು ತಿಂಗಳುಗಟ್ಟಲೆ ಯೋಚಿಸಿದ್ದ ಇಳಿಜಾರನ್ನು ಮೀನಿನ ಸ್ಕೂಟರಿನ ಹಿಂದೆ, ಎರಡೂ ಬ್ರೇಕ್ ಹಿಡಿದು ಇಳಿದೆ. ಪ್ರತಿ ತಿರುವಿಗೂ ಮೊದಲು ಅವರು ಹಾರನ್ ಅಮುಕಿ ನಿಲ್ಲುತ್ತಿದ್ದರು. ಸೀಟಿನಿಂದ ಎದ್ದು, ಮೈಯ ಭಾರ ಹಿಂದಕ್ಕೆ ಹಾಕಿ, ನಡಿಗೆಯಷ್ಟೇ ವೇಗದಲ್ಲಿ ಕಲ್ಲುಗಳ ನಡುವೆ ಸೈಕಲ್ ಇಳಿಸುವುದು ವೇಗವಾಗಿ ಇಳಿಸುವುದಕ್ಕಿಂತ ಕಷ್ಟ. ಮುಂಗೈ ನೋಯತೊಡಗಿತು. ಮಂಜು ಕರಗಿ ಬಿದಿರಿನ ಮೆಳೆಗಳ ನಡುವೆ ಬಿಸಿಲು ಬಿದ್ದಿತ್ತು.

ಅರ್ಧ ದಾರಿಯಲ್ಲಿ ಒಂದು ಮೋರಿ. ಅದರ ಈಚೆ ಮುರಿದ ಬಿದಿರು ರಸ್ತೆಗೆ ಅಡ್ಡ ಬಿದ್ದಿತ್ತು. ಮುರಿದ ಜಾಗ ಇನ್ನೂ ಹಸಿಯಾಗಿತ್ತು. ಹಮೀದ್ ಕಾಕ ಈ ಸಲ ಹಾರನ್ ಹಾಕಲಿಲ್ಲ. ಕೈಯೆತ್ತಿ ನಮ್ಮನ್ನು ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಸ್ಕೂಟರನ್ನು ಬಂದ ದಾರಿಗೆ ಮುಖ ಮಾಡಿ ತಿರುಗಿಸಿದರು. ನಾವೂ ಸೈಕಲ್ ತಿರುಗಿಸಿದೆವು. ಹಿಂದಕ್ಕೆ ಪೂರ್ತಿ ಏರು. ಆನೆಗಿಂತ ಬೇಗ ಏರು ತುಳಿಯಲು ನಮ್ಮಿಂದ ಆಗುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಕೆಳಗೆ, ಹಳ್ಳದ ಕಡೆಯಿಂದ, ಕೊಂಬೆ ಮುರಿಯುವ ಸದ್ದು ಬಂತು.

“ಕಾಕ, ಆನೆ ಮೀನು ತಿನ್ನುದಿಲ್ಲ ಅಲ್ವಾ?” ಎಂದಳು ಶಮೀಮಾ, ಮೆಲ್ಲಗೆ.

“ತಿನ್ತಿದ್ರೆ ಒಳ್ಳೆದಿತ್ತು. ಒಬ್ಬ ಗಿರಾಕಿಯಾದ್ರೂ ಸಿಗ್ತಿದ್ದ.”

ಕಾದೆವು. ಹಳ್ಳದಾಚೆ ಹುಲ್ಲು ಒಂದು ಕಡೆಗೆ ಬಾಗುತ್ತಾ ಹೋಯಿತು. ಬೂದು ಬೆನ್ನಿನ ಒಂದು ತುಂಡು, ಒಂದು ಕಿವಿ, ಆಮೇಲೆ ಏನೂ ಇಲ್ಲ. ನಾನು ಕ್ಯಾಮೆರಾ ತೆಗೆಯಲಿಲ್ಲ. ಸದ್ದು ಪೂರ್ತಿ ನಿಂತ ಮೇಲೂ ಹಮೀದ್ ಕಾಕ ಹೊರಡಲು ಅವಸರ ಮಾಡಲಿಲ್ಲ. ಕೊನೆಗೆ ಬಿದಿರನ್ನು ಮೂವರೂ ಎಳೆದು ಬದಿಗೆ ಹಾಕಿ ಮುಂದೆ ಹೋದೆವು.

ಮೊದಲ ಮನೆ ಕಾಣುವ ಮುಂಚೆಯೇ ಅವರು ಹಾರನ್ ಬಿಡದೆ ಒತ್ತತೊಡಗಿದರು. ಬಾಗಿಲುಗಳು ತೆರೆದವು. ಹೆಂಗಸರು ಪಾತ್ರೆ ಹಿಡಿದು ರಸ್ತೆಗೆ ಬಂದರು, ಗಂಡಸರು ಟ್ಯಾಪಿಂಗ್ ಕತ್ತಿ ಹಿಡಿದು ತೋಟಗಳಿಗೆ ಇಳಿದರು. ಮುಂದೆ ಬಂದವರು ಲಿಸ್ಸಿ ಚೇಚಿ, ಎಂದರೆ ಲಿಸ್ಸಿ ಅಕ್ಕ. ಫೋನಿನಲ್ಲಿ ಕೇಳಿದ್ದು ಅವರದೇ ಧ್ವನಿ.

“ಬಿಸಿಲು ಏರಿದ ಮೇಲೆ ಬಂದ್ರೆ ಎಂತ ಮಾಡುದು? ಮರದಲ್ಲಿ ಹಾಲು ಸರಿ ಇಳಿಯುದಿಲ್ಲ ಇನ್ನು,” ಎಂದರು, ಮೀನು ಆರಿಸುತ್ತಲೇ.

“ನಾನು ಮೀನು ಮಾರ್ಲಿಕ್ಕೆ ಬರುದಾ, ನಿಮ್ಮ ರಸ್ತೆ ಪರೀಕ್ಷೆ ಮಾಡ್ಲಿಕ್ಕೆ ಬರುದಾ ಚೇಚಿ?” ಹಮೀದ್ ಕಾಕ ತಕ್ಕಡಿ ಕೆಳಗಿಟ್ಟರು. “ಕೇಳಿ. ನಾಳೆ ನಾನು ಕಾಡಿನ ಆ ಕೊನೆಗೆ ಬಂದು ಹಾರನ್ ಹಾಕ್ತೇನೆ. ನೀವು ಯಾರಾದ್ರೂ ಮೋರಿವರೆಗೆ ಬನ್ನಿ, ನಾನೂ ಮೋರಿವರೆಗೆ ಬರ್ತೇನೆ. ಬರುದಿಲ್ಲಾಂದ್ರೆ ಈ ಲೈನ್ ನಾನು ಬಿಟ್ಟೆ.”

ಮೋರಿವರೆಗೆ ಹೋಗಲು ಜೀಪ್ ಇದ್ದದ್ದು ಲಿಸ್ಸಿ ಚೇಚಿಯ ಗಂಡ ತೋಮಚ್ಚನ್ ಅವರಲ್ಲಿ ಮಾತ್ರ. ಅವರು ಬಂಗುಡೆಯ ಕಣ್ಣು ಪರೀಕ್ಷಿಸುತ್ತಿದ್ದರು. ಹಮೀದ್ ಕಾಕ ಪೆಟ್ಟಿಗೆ ಖಾಲಿ ಮಾಡಿ ಹೈವೇ ಸುತ್ತಿಕೊಂಡು ವಾಪಸು ಹೋದರು. ದಿನಾ ಹೋದರೆ ಪೆಟ್ರೋಲಿಗೆ ಗಿಟ್ಟದಷ್ಟು ದೂರದ ಸುತ್ತು ಅದು.

ಹೊತ್ತು ಮೀರಿದ್ದರಿಂದ ಗುಂಡ್ಯದ ಕಾಡುದಾರಿ ಹಿಡಿಯುವುದು ಬೇಡವೆಂದು ಎಲ್ಲರೂ ಹೇಳಿದರು. ಲಿಸ್ಸಿ ಚೇಚಿಯ ಮನೆಯ ಹೊರಕೋಣೆಯಲ್ಲಿ ಉಳಿದೆವು. ಊಟಕ್ಕೆ ಬೇಯಿಸಿದ ಮರಗೆಣಸು, ಅದೇ ಬಂಗುಡೆಯ ಸಾರು, ಹಾಲಿಲ್ಲದ ಚಹಾ. ಊಟದ ನಡುವೆ ಚೇಚಿ ಗಂಡನಿಗೆ ಮಲಯಾಳದಲ್ಲಿ ಏನೋ ಕೇಳಿದರು. “ನೋಡುವ,” ಎಂದು ಅವರು ಕನ್ನಡದಲ್ಲಿ ಹೇಳಿದರು, ನಮಗೂ ಉತ್ತರ ಸಿಗಲಿ ಎಂಬಂತೆ.

ಮರುದಿನ ಬೆಳಿಗ್ಗೆ ಬೇಗ ಎದ್ದು ಸೈಕಲ್ಲಿಗೆ ಬ್ಯಾಗ್ ಕಟ್ಟಿದೆವು. ಗುಂಡ್ಯದ ದಾರಿ ಮನೆಯ ಎಡಕ್ಕೆ, ಕಾಡಿನ ದಾರಿ ಬಲಕ್ಕೆ. ಚಳಿ ಇತ್ತು. ಗಾಳಿ ಇರಲಿಲ್ಲ. ತುಂಬ ದೂರದಲ್ಲಿ, ಮೇಲಿನಿಂದ, ಹಾರನ್ ಸಣ್ಣಗೆ ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು. ಹತ್ತಿರ ಬರಲಿಲ್ಲ.

ತೋಮಚ್ಚನ್ ಅಂಗಳದಲ್ಲಿ ನಿಂತು ಕೇಳಿಸಿಕೊಂಡರು. “ನಾನೊಬ್ಬನೇ ಹೋಗುದಾ?” ಎಂದರು.

“ನಾನು ಬರ್ತೇನೆ. ನೀವು ಸ್ಟಾರ್ಟ್ ಮಾಡಿ,” ಎಂದು ಲಿಸ್ಸಿ ಚೇಚಿ ನೈಟಿಯ ಮೇಲೆ ಟವಲು ಹೊದ್ದು ಜೀಪಿನಲ್ಲಿ ಕೂತರು. ಪಕ್ಕದ ಮನೆಯಿಂದ ಇನ್ನಿಬ್ಬರು ಹಿಂದೆ ಹತ್ತಿದರು. ಜೀಪ್ ಬಲಕ್ಕೆ ತಿರುಗಿತು. ಶಮೀಮಾ ನನ್ನ ಮುಖ ನೋಡಿದಳು. ನಾನು ಬ್ಯಾಗ್ ಬಿಚ್ಚಿ ಜಗಲಿಯ ಮೇಲಿಟ್ಟು, ಜೀಪಿನ ಹಿಂದೆ ಏರು ತುಳಿಯತೊಡಗಿದೆ. ಅವಳೂ ಹಿಂದೆಯೇ ಬಂದಳು. ತೋಮಚ್ಚನ್ ಪ್ರತಿ ತಿರುವಿನಲ್ಲೂ ಹಾರನ್ ಒತ್ತಿ, ಸ್ವಲ್ಪ ನಿಂತು, ಮತ್ತೆ ಹೊರಡುತ್ತಿದ್ದರು. ಮೋರಿಗೆ ಇನ್ನೊಂದು ತಿರುವು ಇರುವಾಗ ಆ ಕಡೆಯಿಂದ ಹಮೀದ್ ಕಾಕನ ಹಾರನ್ ಉತ್ತರ ಕೊಟ್ಟಿತು, ತೀರಾ ಹತ್ತಿರದಿಂದ.