ಅಪ್ಪ ನನ್ನ ಗಾಡಿಯ ಮೈಲೇಜ್ ನೋಡಲು ಕೂತದ್ದು

ನನ್ನ ಗಾಡಿ ಲೀಟರಿಗೆ ಹನ್ನೊಂದೂವರೆ ಕಿಲೋಮೀಟರ್ ಮಾತ್ರ ಕೊಡುತ್ತಿದೆ ಎಂದು ಒಂದು ಭಾನುವಾರ ಊಟಕ್ಕೆ ಕೂತಾಗ ಗೊಣಗಿದೆ. ಗೊಣಗಿದ್ದು ನಮ್ಮ ಯಜಮಾನರ ಹತ್ತಿರ. ಅವರು ತಮ್ಮ ಪಾಡಿಗೆ ಮುದ್ದೆ ಮುರಿಯುತ್ತಿದ್ದರು. ಕೇಳಿಸಿಕೊಂಡದ್ದು ಅಪ್ಪ.

"ಎಷ್ಟಂದೆ?"

"ಹನ್ನೊಂದೂವರೆ."

"ಡೀಸೆಲ್ ಗಾಡಿ ಅಲ್ವೇನವ್ವ ಅದು?"

"ಹೂಂ ಕಣಪ್ಪ."

ಅಪ್ಪ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡಿದ. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಮೂವತ್ತಾರು ತಂದಾಗಲೂ ಅಪ್ಪ ನನ್ನನ್ನು ಹಾಗೆ ನೋಡಿರಲಿಲ್ಲ.

ಅಪ್ಪ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಅವನ ಡಿಪೋದ ಗೋಡೆಯ ಮೇಲೆ ಒಂದು ಕರಿಹಲಗೆ ಇತ್ತು. ಯಾವ ಡ್ರೈವರ್ ಲೀಟರಿಗೆ ಎಷ್ಟು ಕಿಲೋಮೀಟರ್ ತಂದ ಎಂದು ಪ್ರತಿ ತಿಂಗಳೂ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಅಪ್ಪ ಯಾವತ್ತೂ ಮೊದಲ ಮೂರು ಹೆಸರುಗಳಲ್ಲೇ ಇರುತ್ತಿದ್ದ. ಒಂದು ವರ್ಷ ಬಹುಮಾನವಾಗಿ ಗೋಡೆ ಗಡಿಯಾರ ಕೊಟ್ಟರು. ಪಾಂಡವಪುರದ ನಮ್ಮ ಮನೆಯ ಹಾಲಿನಲ್ಲಿ ಅದು ಈಗಲೂ ಇದೆ, ಹತ್ತು ನಿಮಿಷ ಮುಂದೆ ಓಡುತ್ತದೆ. ಸರಿ ಮಾಡಲು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅಂಥವನ ಮಗಳು ಹನ್ನೊಂದೂವರೆ ಎಂದರೆ ಅನ್ನ ಗಂಟಲಲ್ಲಿ ಇಳಿಯುವುದು ಕಷ್ಟವೇ.

ನನಗೆ ಬೇಕಾಗಿದ್ದದ್ದು ಮೈಲೇಜ್ ಅಲ್ಲ, ಈಗ ಹೇಳಿಬಿಡುತ್ತೇನೆ. ನನಗೆ ಬೇಕಾಗಿದ್ದದ್ದು ಅಪ್ಪ ಮನೆಯಿಂದ ಆಚೆ ಬರುವುದು. ಎಡಗಣ್ಣು ಪೂರ್ತಿ ಮಂಜಾದ ಮೇಲೆ ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದಿದ್ದರು. ಅದನ್ನು ಅಪ್ಪ ಹೇಗೋ ಒಪ್ಪಿಕೊಂಡ. ಆದರೆ ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಕೂರುವುದನ್ನು ಒಪ್ಪಿಕೊಳ್ಳಲು ಅವನಿಂದ ಆಗಲಿಲ್ಲ. ಕೆ.ಆರ್. ಪೇಟೆಯ ಒಂದು ಮದುವೆಗೆ ಯಜಮಾನರು ಕರೆದುಕೊಂಡು ಹೋದಾಗ, ದಾರಿಯುದ್ದಕ್ಕೂ ಅಪ್ಪನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಇಳಿದುಬಿಟ್ಟು, "ನೀವೋಗಿ, ನಾನ್ ಬಸ್ಸಲ್ ಬತ್ತೀನಿ" ಅಂದ. ಬಸ್ಸಿನಲ್ಲೇ ಬಂದ. ಇಳಿಯುವಾಗ ಮೆಟ್ಟಿಲು ಕಾಣದೆ ಕಾಲು ಉಳುಕಿಸಿಕೊಂಡ. ಮೂವತ್ತು ವರ್ಷ ಹತ್ತಿ ಇಳಿದ ಅದೇ ಮೆಟ್ಟಿಲು. ಅಲ್ಲಿಗೆ ಬಸ್ಸೂ ನಿಂತಿತು, ಅಪ್ಪನೂ ನಿಂತ.

ಹಾಗೆ ಎರಡು ವರ್ಷ ಕಳೆಯಿತು. ಅಪ್ಪನ ಅಕ್ಕ, ನನ್ನ ಸೋದರತ್ತೆ, ನಾಗಮಂಗಲದ ಆಚೆ ಬಿಂಡಿಗನವಿಲೆಯಲ್ಲಿದ್ದಾಳೆ. ಕುರಿ, ಹೊಲ ಅಂತ ಊರು ಬಿಟ್ಟು ಬರುವವಳಲ್ಲ. ಈಗ ಮಂಡಿ ನೋವು ಬೇರೆ. ವಾರಕ್ಕೊಮ್ಮೆ ಫೋನ್ ಮಾಡಿ ತಮ್ಮನಿಗೆ ಬೈಯುತ್ತಿದ್ದಳು. "ಏನ್ಲಾ, ಓಗಿರೋದ್ ಒಂದ್ ಕಣ್ಣು. ಕಾಲೂ ಓಗ್ಬುಟ್ಟವಾ? ನಾನ್ ಸತ್ಮೇಲೆ ಬತ್ತೀಯಾ?" ಅಪ್ಪ ನಗುತ್ತಿದ್ದ. ಫೋನಿಟ್ಟ ಮೇಲೆ ಗೇಟಿನ ತನಕ ಹೋಗಿ ರೋಡು ನೋಡಿ ವಾಪಸ್ ಬರುತ್ತಿದ್ದ. ಅದನ್ನು ನೋಡಿ ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಬಾಗಿಲಲ್ಲೇ ಗಾಡಿ ನಿಂತಿದೆ, ಮಗಳಿಗೆ ಓಡಿಸಲು ಬರುತ್ತದೆ, ಇನ್ನೇನು ಬೇಕು ಈ ಮನುಷ್ಯನಿಗೆ?

ಅದಕ್ಕೇ ಆ ಭಾನುವಾರ ಅಪ್ಪ ನನ್ನನ್ನು ಹಾಗೆ ನೋಡಿದಾಗ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು.

"ಶೋರೂಮಿನವನು ಹದಿನೆಂಟು ಬರುತ್ತೆ ಅಂದಿದ್ದ ಕಣಪ್ಪ. ಗಾಡಿಯಲ್ಲೇ ಏನೋ ತೊಂದರೆ ಇರಬೇಕು" ಅಂದೆ, ಬೇಕೆಂದೇ.

"ಗಾಡೀಲಿ ಯಾಕಿರ್ತದೆ? ಕಾಲಲ್ಲಿರ್ತದೆ" ಅಂದ ಅಪ್ಪ. "ನೀನ್ ಓಡ್ಸೋದ್ ನೋಡ್ದೆ ಎಂಗ್ ಏಳ್ಲಿ?"

"ಬಂದು ನೋಡು ಮತ್ತೆ."

ಮಾರನೆಯ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದ. ನಾನು ಪಾಠ ಹೇಳುವ ಸ್ಕೂಲು ಶ್ರೀರಂಗಪಟ್ಟಣದಲ್ಲಿದೆ. ಅಲ್ಲಿಯವರೆಗೆ ಬಂದು, ನನ್ನ ಕ್ಲಾಸುಗಳು ಮುಗಿಯುವ ತನಕ ನದಿಯ ಕಡೆ ಕೂತಿದ್ದು, ಸಂಜೆ ನನ್ನ ಜೊತೆ ವಾಪಸ್ ಬರುವುದೆಂದು ಮಾತಾಯಿತು. ಮೊದಲು ಟೈರಿಗೆ ಗಾಳಿ ನೋಡಿಸಿದ. ಆಮೇಲೆ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದೆವು. ಪೈಪು ತಾನಾಗಿ ಒಮ್ಮೆ ಟಕ್ ಎಂದ ಕೂಡಲೇ ನಿಲ್ಲಿಸಬೇಕು, ಆಮೇಲೆ ಒಂದು ತೊಟ್ಟೂ ಹಾಕಬಾರದು, ಮುಂದಿನ ಸಲವೂ ಇದೇ ಬಂಕು, ಇದೇ ಪೈಪು ಎಂದು ಡೀಸೆಲ್ ಹಾಕುವ ಹೆಂಗಸಿಗೆ ಅಪ್ಪ ಪಾಠ ಮಾಡಿದ. ಗಾಡಿಯ ಮುಂದಿನ ಪರದೆಯ ಮೇಲೆ ಮೈಲೇಜ್ ತಾನೇ ಕಾಣುತ್ತದೆ ಎಂದರೆ ಕೇಳಲಿಲ್ಲ. "ಅದು ನಿನ್ನ ಸಂತೋಸಕ್ಕೆ ತೋರ್ಸ್ತದೆ. ಟ್ಯಾಂಕಿಂದ ಟ್ಯಾಂಕ್ಗೆ ನೋಡಿದ್ರೆ ಮಾತ್ರ ನಿಜ."

ಆ ವಾರ ನಾನು ಪಟ್ಟ ಪಾಡು ನನಗೇ ಗೊತ್ತು. ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಾಲ. ರೋಡಿನ ತುಂಬ ಕಬ್ಬಿನ ಟ್ರಾಕ್ಟರು. ನಾನು ಒಂದೊಂದನ್ನೂ ಜೋರಾಗಿ ಹಿಂದೆ ಹಾಕುವುದು, ಮುಂದೆ ಇನ್ನೊಂದು ಸಿಕ್ಕಿ ಬ್ರೇಕು ಒತ್ತುವುದು. ಅಪ್ಪನ ಬಲಗಾಲು ಮ್ಯಾಟನ್ನು ತುಳಿದು ತುಳಿದು ಸುಕ್ಕು ಮಾಡುತ್ತಿತ್ತು. ದೂರದಲ್ಲಿ ರಸ್ತೆಯ ಹಂಪು ಕಂಡರೆ ಸಾಕು, ಪಾಠ ಶುರು.

"ಅಲ್ ಅಂಪ್ ಕಾಣ್ತಾ ಐತಲ್ಲ, ಈಗ್ಲೇ ಕಾಲ್ ತಗಿ. ಗಾಡಿ ತಾನಾಗ್ ನಿಧಾನ ಆಯ್ತದೆ. ನೀನು ಅಂಪ್ ತಂಕ ಓಡ್ಸಿ ಆಮೇಲ್ ಬ್ರೇಕ್ ಆಕ್ತೀಯ. ಆಕಿದ್ ಡೀಸೆಲ್ನೆಲ್ಲ ಬ್ರೇಕ್ಗೆ ಸುರಿದಂಗಾಯ್ತು."

"ಹಿಂದಿರೋರು ಹಾರನ್ ಹೊಡೀತಾರಪ್ಪ!"

"ಒಡ್ಕೊಳ್ಲಿ. ಅವ್ರೇನ್ ನಿನ್ನ ಮಾವಂದಿರಾ?"

ಒಂದು ದಿನ ಕ್ಯಾತನಹಳ್ಳಿಯ ಕಡೆಯಿಂದ ಬಂದ ಟ್ರಾಕ್ಟರೊಂದರ ಹಿಂದೆ ಎರಡು ಕಿಲೋಮೀಟರ್ ತೆವಳಿಕೊಂಡು ಹೋಗಿ, ಸ್ಕೂಲಿಗೆ ತಡವಾಗಿ, ಹೆಡ್ ಮಿಸ್ಸಿನ ಕೈಲಿ ಅನ್ನಿಸಿಕೊಂಡೆ. ಸಂಜೆ ಸಿಟ್ಟಿನಲ್ಲಿ ಗಾಡಿಯ ಬಾಗಿಲನ್ನು ಧಡಾರನೆ ಹಾಕಿದೆ. ಆದರೆ ವಾರದ ಕೊನೆಗೆ ಟ್ಯಾಂಕು ತುಂಬಿಸಿ ಭಾಗಿಸಿ ನೋಡಿದಾಗ ಹದಿಮೂರೂವರೆ ಬಂದಿತ್ತು. ಅಪ್ಪ ಬಂಕಿನಲ್ಲೇ ನನ್ನ ಬೆನ್ನು ತಟ್ಟಿದ. ಎಲ್ಲ ಸಿಟ್ಟೂ ಇಳಿದುಹೋಯಿತು.

ಹಳೆಯ ಸಮಾಧಾನ ಅಪ್ಪನ ಮುಖದ ಮೇಲೆ ಕಂಡಾಗ ನಾನು ಎರಡನೇ ಬಾಣ ಬಿಟ್ಟೆ. "ಕಬ್ಬಿನ ಟ್ರಾಕ್ಟರುಗಳ ಮಧ್ಯೆ ಇಷ್ಟೇ ಬರೋದು. ದೂರದ ರೋಡಲ್ಲಿ ನೋಡಬೇಕಪ್ಪ. ಬಿಂಡಿಗನವಿಲೆಗೆ ಹೋಗಿ ಬಂದರೆ ಹೇಗೆ?"

ಅಪ್ಪನಿಗೆ ನನ್ನ ಆಟ ಅರ್ಥವಾಗಿರಲಿಕ್ಕೂ ಸಾಕು. "ಟೆಸ್ಟ್ಗೆ ಅಂದ್ರೆ ಬತ್ತೀನಿ" ಅಂದ.

ಭಾನುವಾರ ಬೆಳಿಗ್ಗೆ ಟ್ಯಾಂಕು ತುಂಬಿಸಿ ಹೊರಟೆವು. ಜಕ್ಕನಹಳ್ಳಿ ದಾಟಿದ ಮೇಲೆ ರಸ್ತೆ ಏರುತ್ತ ಇಳಿಯುತ್ತ ಹೋಗುತ್ತದೆ. ಮೊದಲ ಉದ್ದನೆಯ ಇಳಿಜಾರು ಬಂದಾಗ ಅಪ್ಪ, "ಈಗ ನ್ಯೂಟ್ರಲ್ ಮಾಡು" ಅಂದ.

ನಾನು ಮಾಡಲಿಲ್ಲ. ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಹೇಳಿದ್ದು ನೆನಪಿತ್ತು. ಈಗಿನ ಗಾಡಿ ಗೇರಿನಲ್ಲಿದ್ದು ಕಾಲು ತೆಗೆದರೆ ಎಂಜಿನ್ ಡೀಸೆಲ್ ಕುಡಿಯುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಆರಿಹೋಗದಿರಲು ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತದೆ. ಗಾಡಿಗೆ ಹಿಡಿತವೂ ಇರುವುದಿಲ್ಲ. ಇದನ್ನೆಲ್ಲ ಹೇಳಿದೆ.

"ಮೂವತ್ತೊರ್ಸ ಓಡ್ಸಿರೋನ್ಗೆ ಏಳ್ಕೊಡ್ತೀಯಾ? ಇಳಿಜಾರಲ್ಲಿ ಬಿಟ್ಟಿ ಸಿಗೋದ್ನ ತಗೋಬೇಕು ಕಣವ್ವ. ಮಾಡು."

ಅಪ್ಪ ಎರಡು ವರ್ಷದ ಮೇಲೆ ಇಷ್ಟು ದೂರ ಬಂದಿದ್ದಾನೆ, ಮುನಿಸಿಕೊಂಡು ವಾಪಸ್ ಹೋಗೋಣ ಎಂದುಬಿಟ್ಟರೆ? ಆ ಹೆದರಿಕೆಗೆ ನ್ಯೂಟ್ರಲ್ ಮಾಡಿದೆ. ಅದು ನನ್ನ ತಪ್ಪು. ಗಾಡಿ ಹಗುರಾಗಿ, ಸದ್ದಿಲ್ಲದೆ ಜಾರಿತು. ಅಪ್ಪ ಖುಷಿಯಾಗಿ ತೊಡೆ ತಟ್ಟಿಕೊಂಡ. ತಿರುವು ದಾಟುತ್ತಿದ್ದ ಹಾಗೆ ರಸ್ತೆಯ ತುಂಬ ಕುರಿ.

ಬ್ರೇಕು ಒತ್ತಿದೆ. ಗಾಡಿ ನಿಲ್ಲಲೊಲ್ಲದು. ಇನ್ನೂ ಜೋರಾಗಿ ಒತ್ತಿದೆ. ಮೂತಿ ತಗ್ಗಿಸಿಕೊಂಡು, ಕಿರುಗುಟ್ಟುತ್ತ, ಕೊನೆಯ ಕುರಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಕುರಿ ಕಾಯುವವನು ನನ್ನನ್ನೂ ನನ್ನ ವಂಶವನ್ನೂ ಬೈದುಕೊಂಡೇ ಮಂದೆಯನ್ನು ದಾಟಿಸಿದ. ಬೈದದ್ದು ಸರಿಯಾಗಿಯೇ ಇತ್ತು. ನಾನು ಹೇಳಿರಲಿಲ್ಲವಾ ಎಂದು ಕೂಗಬೇಕೆನಿಸಿ ಅಪ್ಪನ ಕಡೆ ತಿರುಗಿದೆ.

ಅಪ್ಪನ ಮುಖ ಬಿಳಿಚಿಕೊಂಡಿತ್ತು. ಕುರಿಗಳನ್ನು ಅವನು ನೋಡುತ್ತಿರಲಿಲ್ಲ.

"ಅರವತ್ ಜನನ ಕೂರ್ಸ್ಕಂಡು ಇಂಗೇ ಬುಡ್ತಿದ್ದೆ ಕಣವ್ವ" ಅಂದ. "ಮಾಡ್ಬೇಡಿ ಅಂತ ಡಿಪೋದಲ್ ಏಳೋರು. ನಾವ್ ಕದ್ದು ಮಾಡೋವು. ಆ ಗಡಿಯಾರ ಬಂದಿದ್ದು ಇದ್ರಿಂದಾನೇಯ."

ಅಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಲಿಲ್ಲವಲ್ಲಪ್ಪ ಅಂದೆ. ಆಗಲಿಲ್ಲ ಎಂದು ತಲೆಯಾಡಿಸಿದ. ಆಮೇಲೆ, "ಗೇರ್ಗಾಕು. ಇನ್ಮೇಲೆ ನಿನ್ ಇಷ್ಟದಂಗೆ ಓಡ್ಸು" ಅಂದ. ಗೆದ್ದಿದ್ದೆ, ಆದರೆ ನನಗೆ ಒಂಚೂರೂ ಖುಷಿಯಾಗಲಿಲ್ಲ. ಉಳಿದ ದಾರಿಯಲ್ಲಿ ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಇದ್ದಾಗ, ಇವನು ಇನ್ನು ಯಾವತ್ತೂ ಗಾಡಿ ಹತ್ತುವುದಿಲ್ಲ ಎಂದೇ ಅಂದುಕೊಂಡೆ.

ಅತ್ತೆ ಕೊಟ್ಟಿಗೆಯ ಮುಂದೆ ನಿಂತಿದ್ದಳು. ತಮ್ಮನನ್ನು ನೋಡಿ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಕೋಳಿಸಾರು ಬಡಿಸಿದಳು. ಅಪ್ಪ ಅವಳಿಗೆ ಎಲ್ಲವನ್ನೂ ಹೇಳಿದ, ಕುರಿ, ನ್ಯೂಟ್ರಲ್, ಗಡಿಯಾರ ಎಲ್ಲ. ಅತ್ತೆ ಮೂಳೆ ಚೀಪುತ್ತ ಕೇಳಿ, "ಅಂಗಾರೆ ಈಗ ಮಗ್ಳತ್ರ ಕಲ್ತ್ಕೊ. ನಿಂಗೇನ್ ಕೆಲ್ಸ ಐತೆ?" ಅಂದಳು. ಅಷ್ಟೇ. ಅಪ್ಪ ನಕ್ಕ. ನನಗೆ ಆ ಮುದುಕಿಯ ಕಾಲಿಗೆ ಬೀಳೋಣವೆನಿಸಿತು.

ಆ ಸಲ ಬಂಕಿನಲ್ಲಿ ಲೆಕ್ಕ ಹಾಕಿದಾಗ ಹದಿನಾಲ್ಕು ಮುಕ್ಕಾಲು ಬಂತು. "ಇದ್ರಲ್ಲಿ ನನ್ ನ್ಯೂಟ್ರಲ್ಲೂ ಸೇರ್ಕೊಂಡೈತೆ. ಪೂರ್ತಿ ನಿಂದೇ ಎಷ್ಟು ಅಂತ ನೋಡ್ಬೇಕು" ಎಂದ ಅಪ್ಪ. ಎರಡು ಭಾನುವಾರ ಬಿಟ್ಟು ಮತ್ತೆ ಹೊರಟೆವು. ನನಗೆ ಹದಿನಾರು ಮುಟ್ಟುವ ಹಟ. ಏರಿನಲ್ಲಿ ಅವಸರ ಮಾಡಲಿಲ್ಲ, ಇಳಿಜಾರಿನಲ್ಲಿ ಗೇರು ಬಿಡಲಿಲ್ಲ. ಇಳಿಯುವಾಗಲೆಲ್ಲ ಅಪ್ಪ ಪರದೆಯ ಕಡೆ ಬಗ್ಗಿ, ಡೀಸೆಲ್ ಖರ್ಚು ಸೊನ್ನೆಗೆ ಇಳಿಯುವುದನ್ನು ತನ್ನ ಒಂದು ಕಣ್ಣಿನಲ್ಲಿ ನೋಡಿ, "ಓಹೋ, ಅಂಗೆ!" ಅನ್ನುತ್ತಿದ್ದ. ಹೊಸ ಬಸ್ಸು ಡಿಪೋಗೆ ಬಂದಾಗ ಹೀಗೇ ನೋಡುತ್ತಿದ್ದನೋ ಏನೋ.

ಅತ್ತೆಯ ಮನೆಯಲ್ಲಿ ಊಟ ಮುಗಿಸಿ ಮಧ್ಯಾಹ್ನ ವಾಪಸ್ ಹೊರಟೆವು. ಒಳ್ಳೆ ಬಿಸಿಲು. ನಾಗಮಂಗಲ ದಾಟಿ ಸ್ವಲ್ಪ ದೂರ ಬಂದ ಮೇಲೆ ಮುಂದೆ ಒಂದು ಹಂಪು ಕಂಡಿತು. ದೂರದಿಂದಲೇ ಕಾಲು ತೆಗೆದೆ. ಮೆಚ್ಚುಗೆಗಾಗಿ ಅಪ್ಪನ ಕಡೆ ನೋಡಿದೆ. ಅವನ ತಲೆ ಕಿಟಕಿಗೆ ಒರಗಿತ್ತು. ಬಾಯಿ ಅರೆ ತೆರೆದಿತ್ತು. ಬಲಗಾಲು ಮ್ಯಾಟಿನ ಮೇಲೆ ಸುಮ್ಮನೆ ಬಿದ್ದಿತ್ತು.

ಅಪ್ಪ ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ನಿದ್ದೆ ಮಾಡಿದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಕಣ್ಣು ತುಂಬಿ ಬಂದು ರೋಡು ಮಸುಕಾಯಿತು. ಒರೆಸಿಕೊಂಡು ಓಡಿಸಿದೆ.

ಪಾಂಡವಪುರದ ಬಂಕು ಬಂತು. ನಿಲ್ಲಿಸಿದರೆ ಏಳುತ್ತಾನೆ. ನಿಲ್ಲಿಸಲಿಲ್ಲ. ಮನೆ ಬಂತು. ಎಂಜಿನ್ ಆರಿಸಿದರೆ ಏಸಿ ನಿಲ್ಲುತ್ತದೆ, ಬೆವರಿ ಎಚ್ಚರವಾಗುತ್ತದೆ. ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ಹಾಗೇ ಬಿಟ್ಟುಕೊಂಡು ಪಕ್ಕದಲ್ಲಿ ಕೂತೆ. ಪರದೆಯ ಮೇಲೆ ಹದಿನಾರೂವರೆ ತೋರಿಸುತ್ತಿದ್ದದ್ದು ಚೂರು ಚೂರೇ ಇಳಿಯತೊಡಗಿತು. ನಿಂತ ಗಾಡಿಯಲ್ಲಿ ಎಂಜಿನ್ ಉರಿಸುವುದು ಅಪ್ಪನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪ. ನಾನು ಆರಾಮವಾಗಿ ಕೂತು ಆ ಪಾಪ ಮಾಡಿದೆ. ಯಜಮಾನರು ಗೇಟಿನ ತನಕ ಬಂದು, ನಾನು ಬಾಯಿಯ ಮೇಲೆ ಬೆರಳಿಟ್ಟಿದ್ದನ್ನು ನೋಡಿ, ವಾಪಸ್ ಹೋದರು.

ಮುಕ್ಕಾಲು ಗಂಟೆಯ ಮೇಲೆ ಅಪ್ಪ ಎದ್ದ. ಮರ ನೋಡಿದ, ಗೇಟು ನೋಡಿದ, ಆಮೇಲೆ ಕಿವಿಗೊಟ್ಟು ಎಂಜಿನ್ ಸದ್ದು ಕೇಳಿದ.

"ಎಷ್ಟೊತ್ನಿಂದ ಉರೀತಾ ಐತೆ?"

"ಮುಕ್ಕಾಲು ಗಂಟೆ."

"ಬಂಕು?"

"ನಿಲ್ಲಿಸಲಿಲ್ಲ."

ಬೈಗುಳಕ್ಕೆ ಕಾದೆ. ಅಪ್ಪ ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ನಿಧಾನವಾಗಿ ಒರೆಸಿ ಹಾಕಿಕೊಂಡ.

"ಟೆಸ್ಟ್ ಕೆಟ್ಟೋಯ್ತಲ್ಲವ್ವ" ಅಂದ. "ಇನ್ನೊಂದ್ ಕಿತ ಓಗ್ಬೇಕಾಯ್ತದೆ ಬುಡು. ಬರೋ ಭಾನ್ವಾರನೇ ಓಗಾನ."