ಎರಡನೆಯ ಬ್ರೇಕು

ಮೇಷ್ಟ್ರ ಮನೆಯಲ್ಲಿ ಊಟದ ಮೇಜಿನ ಕೆಳಗೆ ಹಾಸಿದ ಚಾಪೆಗೆ ಒಂದು ತೂತಿದೆ. ಇಲಿ ಕಡಿದದ್ದಲ್ಲ, ಮೇಷ್ಟ್ರ ಬಲಗಾಲು ಒತ್ತಿ ಒತ್ತಿ ಆದದ್ದು. ಮೂವತ್ತೊಂದು ವರ್ಷದಿಂದ ಅವರು ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಾರೆ. ಕಲಿಯುವವರು ಸ್ಟೇರಿಂಗ್ ಹಿಡಿದರೆ ಇವರು ಪಕ್ಕದ ಸೀಟಿನಲ್ಲಿ, ಇವರ ಕಾಲ ಕೆಳಗೆ ಇನ್ನೊಂದು ಬ್ರೇಕು. ಆ ಎರಡನೆಯ ಬ್ರೇಕು ಎಷ್ಟು ಮೈಗೂಡಿದೆಯೆಂದರೆ, ಟಿವಿಯಲ್ಲಿ ಯಾರಾದರೂ ಜೋರಾಗಿ ಓಡಿದರೂ, ಹೆಂಡತಿ ತುಂಬಿದ ಹಾಲಿನ ಪಾತ್ರೆ ಹಿಡಿದು ಒಳಗೆ ಬಂದರೂ ಅವರ ಕಾಲು ತಾನಾಗಿಯೇ ನೆಲ ಒತ್ತುತ್ತದೆ.

ಊರಿನಲ್ಲಿ ಸ್ಟೇರಿಂಗ್ ಹಿಡಿದ ಅರ್ಧ ಜನ ತಮ್ಮ ಶಿಷ್ಯರೇ ಎಂಬ ಜಂಬ ಮೇಷ್ಟ್ರಿಗಿತ್ತು. ಸುಳ್ಳೂ ಅಲ್ಲ. ಮನೆಯವರು ಓಡಿಸುತ್ತಾರಾ ಎಂದು ಯಾರಾದರೂ ಕೇಳಿದರೆ ಮಾತ್ರ, "ಅವಳಿಗೆ ಆಸಕ್ತಿ ಇಲ್ಲ" ಎಂದು ಮಾತು ಮುಗಿಸುತ್ತಿದ್ದರು. ಇದು ಸುಳ್ಳು. ಇಪ್ಪತ್ತೆರಡು ವರ್ಷದ ಹಿಂದೆ ಆಕೆ ಆಸೆಪಟ್ಟು ಕಲಿಯಲು ಕೂತಿದ್ದಳು. ಮೂರನೆಯ ದಿನ ಒಂದು ವೃತ್ತ ದಾಟುವಷ್ಟರಲ್ಲಿ ಮೇಷ್ಟ್ರು ಹದಿನೇಳು ಸಲ ಬ್ರೇಕ್ ಒತ್ತಿದರು. ಕೊನೆಗೆ, ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಶಿಷ್ಯ ಕೂತಿದ್ದಾಗಲೇ, "ನಿನ್ನ ಕೈಲಿ ಆಗಲ್ಲ, ಬಿಡು" ಎಂದುಬಿಟ್ಟರು. ಆಕೆ ಇಳಿದು, ಬಾಗಿಲು ಮೆಲ್ಲಗೆ ಹಾಕಿ, ಮನೆಗೆ ನಡೆದುಕೊಂಡು ಹೋದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಈಗ ಆ ಹೆಂಡತಿಯ ಅಕ್ಕನಿಗೆ ಆಪರೇಷನ್. ಹೃದಯದ್ದು, ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ. ಅಕ್ಕ ಒಂಟಿ. ಇರುವ ಒಬ್ಬಳೇ ತಂಗಿ ಇನ್ನೂರ ಎಂಬತ್ತು ಕಿಲೋಮೀಟರ್ ದೂರ. ಬದುಕುವುದು ಅರ್ಧಕ್ಕರ್ಧ ಎಂದು ಡಾಕ್ಟರು ಹೇಳಿದ್ದರಂತೆ. ನಿನ್ನ ಮುಖ ನೋಡದೆ ಒಳಗೆ ಹೋಗುವುದಿಲ್ಲ ಎಂದು ಅಕ್ಕ ಫೋನಿನಲ್ಲಿ ಹಟ ಹಿಡಿದಿದ್ದಳು. ಆಸ್ಪತ್ರೆಯಲ್ಲಿ ಸಂಜೆ ಐದು ಗಂಟೆಯ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ, ಬೆಳಿಗ್ಗೆಯಂತೂ ಕೇಳುವುದೇ ಬೇಡ. ಹಾಗಾಗಿ ಗಂಡ ಹೆಂಡತಿ ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆಲ್ಲ ಹೊರಟರು. ಹೊರಟದ್ದು ಕಲಿಸುವ ಕಾರಿನಲ್ಲೇ. ಹೋದ ವರ್ಷ ಕೊಂಡ ಕರೆಂಟಿನ ಕಾರು ಅದು, ಎರಡನೆಯ ಬ್ರೇಕು ಹಾಕಿಸಿದ್ದು.

ಇನ್ನು ಎಂಬತ್ತು ಕಿಲೋಮೀಟರ್ ಇರುವಾಗ ಚಾರ್ಜು ಒಂಬತ್ತು ಪರ್ಸೆಂಟಿಗೆ ಬಂತು. ಅಲ್ಲೇ ಹೆದ್ದಾರಿ ಪಕ್ಕ ಒಂದು ಟೈರ್ ಅಂಗಡಿ, ಅದರ ಮಗ್ಗುಲಲ್ಲಿ ಎರಡು ಚಾರ್ಜಿಂಗ್ ಯಂತ್ರ. ಇಲ್ಲಿ ನಿಲ್ಲಿಸುವುದೆಂದು ಮೇಷ್ಟ್ರು ಮೊದಲೇ ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಿತ್ತು, ಯಂತ್ರ ಸರಿಯಿರಲಿಲ್ಲ. ಒಂದು ಸತ್ತುಹೋಗಿತ್ತು. ಇನ್ನೊಂದರ ಗನ್ನನ್ನು, ಅಂದರೆ ಕೇಬಲ್ಲಿನ ತುದಿಯ ಹಿಡಿಯನ್ನು, ಕಾರಿಗೆ ಸಿಕ್ಕಿಸಿದರೆ ಹಸಿರು ದೀಪ ಹತ್ತುತ್ತಿತ್ತು, ಕೈ ಬಿಟ್ಟ ಕೂಡಲೇ ಟಿಕ್ ಎಂದು ಆರುತ್ತಿತ್ತು. ಗನ್ನಿನ ಕೊಂಡಿ ಮುರಿದಿತ್ತು. ಕೇಬಲ್ಲಿನ ಭಾರಕ್ಕೆ ಅದು ಕೆಳಗೆ ಜೋತುಬೀಳುತ್ತಿತ್ತು.

ಟೈರ್ ಅಂಗಡಿಯವನು ಬಂದು ನೋಡಿ, ಹದಿನೈದು ದಿನದಿಂದ ಇದೇ ಪಾಡು, ಕಂಪನಿಯವರಿಗೆ ಹೇಳಿ ಹೇಳಿ ಬಾಯಿ ಒಣಗಿದೆ ಎಂದ. ಅಡಿಗೆ ಟೈರ್ ತುಂಡು ಕೊಟ್ಟು ನೋಡಿದ, ಜಾರಿತು. ಹಗ್ಗ ಕಟ್ಟಿದ, ಪಕ್ಕಕ್ಕೆ ಎಳೆಯಿತು. ಕೈಯಲ್ಲಿ ಮೇಲಕ್ಕೊತ್ತಿ ಹಿಡಿದರೆ ಮಾತ್ರ ಆಗುತ್ತೆ, ಎರಡು ಗಂಟೆ ಹಿಡಿದರೆ ಐವತ್ತು ಪರ್ಸೆಂಟಿಗೆ ಬರುತ್ತೆ, ಆಸ್ಪತ್ರೆ ಮುಟ್ಟೋಕೆ ಸಾಕು ಎಂದ. ಬಸ್ಸು ಆಗಲೇ ಹೋಗಿತ್ತು, ಮುಂದಿನದು ಸಂಜೆ ಆರಕ್ಕೆ. ಆಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು.

ಮೇಷ್ಟ್ರು ಅಂಗಿಯ ತೋಳು ಮಡಚಿ, ಕಾರಿನ ಮೂತಿಯ ಮುಂದೆ ಬಗ್ಗಿ ಗನ್ ಹಿಡಿದರು. ಸರದಿಯ ಮೇಲೆ ಹಿಡಿಯೋಣ ಎಂದಳು ಹೆಂಡತಿ. ಇದಕ್ಕೊಂದು ಹದ ಇದೆ, ನಿನಗೆ ಗೊತ್ತಾಗಲ್ಲ ಎಂದರು ಮೇಷ್ಟ್ರು. ಆಕೆ ಒಂದು ಹಳೆಯ ಟೈರಿನ ಮೇಲೆ ಕೂತು, ಗಂಡ ಬೆವರುವುದನ್ನು ನೋಡತೊಡಗಿದಳು. ಚಾರ್ಜು ಏರತೊಡಗಿತು: ಹನ್ನೆರಡು. ಹದಿನೈದು. ಹತ್ತೊಂಬತ್ತು.

ತಮಗಾಗದ ಮಾತು ಬಂದರೆ ಎದ್ದು ಹೊರಗೆ ಹೋಗುವುದು ಮೇಷ್ಟ್ರ ಅಭ್ಯಾಸ. ಮದುವೆಯಾದಂದಿನಿಂದ ಹೆಂಡತಿಯ ಎಷ್ಟೋ ಮಾತು ಹೀಗೆ ಅರ್ಧಕ್ಕೇ ನಿಂತಿದ್ದವು. ಈಗ ಎದ್ದರೆ ಚಾರ್ಜು ನಿಲ್ಲುತ್ತದೆ. ಇದು ಇಬ್ಬರಿಗೂ ಒಟ್ಟಿಗೇ ಹೊಳೆಯಿತೇನೋ.

"ಒಂದು ಮಾತು ಹೇಳ್ಬೇಕು. ಆದ್ರೆ ನೀವು ಕೈ ಬಿಡಬಾರದು" ಎಂದಳು ಆಕೆ.

ಪರ್ಸಿನ ಒಳಗಿನ ಅರೆಯಿಂದ ಒಂದು ಕಾರ್ಡು ತೆಗೆದು, ಕಣ್ಣಿನ ಡಾಕ್ಟರು ಅಕ್ಷರ ಓದಿಸುವ ಹಾಗೆ ಗಂಡನ ಮುಖದ ಮುಂದೆ ಹಿಡಿದಳು. ಡ್ರೈವಿಂಗ್ ಲೈಸೆನ್ಸು. ಫೋಟೋ ಆಕೆಯದೇ. ಆರು ವರ್ಷದ ಹಿಂದಿನದು.

ಮೇಷ್ಟ್ರು ಗನ್ ಬಿಡದೆ ಕಾರ್ಡನ್ನು ಎರಡು ಸಲ ಓದಿದರು. ಆಕೆಯೇ ಹೇಳಿದಳು. ಪ್ರತಿ ವರ್ಷ ಅಕ್ಕನ ಮನೆಗೆಂದು ಹೋಗಿ ಹದಿನೈದು ದಿನ ಇರುತ್ತಿದ್ದಳಲ್ಲ, ಆಗ ಅಕ್ಕನೇ ಕಲಿಸಿದ್ದು. ಪರೀಕ್ಷೆಯನ್ನೂ ಅಲ್ಲಿಯೇ ಕೊಟ್ಟದ್ದು, ಊರಿನ ಆರ್‌ಟಿಓ ಆಫೀಸಿನಲ್ಲಿ ಎಲ್ಲರಿಗೂ ಮೇಷ್ಟ್ರ ಪರಿಚಯವಲ್ಲವೇ.

ಆ ಅಕ್ಕನ ಕಾರಿಗೆ ನಾಲ್ಕೂ ಕಡೆ ನೆಗ್ಗು. ಅದನ್ನು ಹೇಳಿ ಹೇಳಿ ಮೇಷ್ಟ್ರು ಎಷ್ಟು ಜನರನ್ನು ನಗಿಸಿದ್ದರೋ ಲೆಕ್ಕವಿಲ್ಲ.

"ಹೇಗೆ ಕಲಿಸಿದ್ರು ಅವರು?" ಎಂದು ಕೇಳಿದರು ಮೇಷ್ಟ್ರು.

"ಏನೂ ಕಲಿಸಲಿಲ್ಲ. ಪಕ್ಕದ ಸೀಟಲ್ಲಿ ಕಾಲು ಮೇಲಿಟ್ಟು ಚಕ್ಕಳಮಕ್ಕಳ ಹಾಕಿ ಕೂತು ಕಡಲೆಕಾಯಿ ಸುಲೀತಿದ್ಲು. ನಾನು ತಪ್ಪು ಮಾಡಿದ್ರೆ ಕಿಟಕಿ ಕಡೆ ನೋಡೋಳು. ನಾಲ್ಕು ಸಲ ಗೋಡೆಗೆ ಗುದ್ದಿದೆ. ಆ ನೆಗ್ಗೆಲ್ಲ ಅವಳವಲ್ಲ ರೀ, ನನ್ನವು."

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ನೋವು. ಊರಿಗೆಲ್ಲ ಕಲಿಸಿದವನ ಹೆಂಡತಿ ಕದ್ದು ಕಲಿಯಬೇಕಾಯಿತು, ಆರು ವರ್ಷ ಆ ಕಾರ್ಡನ್ನು ತಪ್ಪು ಮಾಡಿದವಳ ಹಾಗೆ ಬಚ್ಚಿಡಬೇಕಾಯಿತು. ಯಾರಿಗೆ ಹೆದರಿ? ಹದಿನೇಳು ಸಲ ಒತ್ತಿದ ಆ ಕಾಲು ನೆನಪಾಗಿ ನಾಚಿಕೆಯಾಯಿತು. ಆದರೂ ಮೇಷ್ಟ್ರು ಮೇಷ್ಟ್ರೇ. "ಪರೀಕ್ಷೆಯಲ್ಲಿ ರಿವರ್ಸು?" ಎಂದು ಕೇಳಿಯೇಬಿಟ್ಟರು.

"ಒಂದೇ ಸಲಕ್ಕೆ" ಎಂದಳು ಆಕೆ.

ಚಾರ್ಜು ಮೂವತ್ತೆಂಟಕ್ಕೆ ಬಂದಾಗ ಮೇಷ್ಟ್ರ ಭುಜ ಹಿಡಿದುಕೊಂಡಿತು. ಪಕ್ಕದ ಸೀಟಿನಿಂದ ಕೈ ಚಾಚಿ ಚಾಚಿ ಸ್ಟೇರಿಂಗ್ ತಿರುಗಿಸಿದ ಭುಜ ಅದು, ಮೊದಲೇ ಹಾಳಾಗಿತ್ತು. ಹಲ್ಲು ಕಚ್ಚಿ ತಡೆದರು. ಕೊನೆಗೆ ಗನ್ ಜಾರಿ ದೀಪ ಆರಿತು. ತೋಳು ಎದೆಯ ಮಟ್ಟಕ್ಕೂ ಏಳಲೊಲ್ಲದು. ಹೆಂಡತಿ ಟೈರನ್ನು ಉರುಳಿಸಿಕೊಂಡು ಬಂದು ಕಾರಿನ ಮುಂದೆ ಕೂತಳು. ಕಾಲ ಮೇಲೆ ಕಾಲು ಹಾಕಿ, ಮಂಡಿಯ ಮೇಲೆ ಗನ್ ಇಟ್ಟು, ಮಂಡಿಯಿಂದಲೇ ಮೆಲ್ಲಗೆ ಮೇಲಕ್ಕೊತ್ತಿದಳು. ಹಸಿರು ದೀಪ ಹತ್ತಿತು. ಆಕೆಯ ಎರಡು ಕೈಯೂ ಖಾಲಿ.

"ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಐವತ್ತಾದಾಗ ಮೂರು ಗಂಟೆ. ಓಡಿಸುವುದು ಯಾರು ಎಂಬ ಪ್ರಶ್ನೆಯೇ ಉಳಿದಿರಲಿಲ್ಲ. ಮೇಷ್ಟ್ರು ಮೂವತ್ತೊಂದು ವರ್ಷ ಕೂತ ಜಾಗದಲ್ಲೇ ಹೋಗಿ ಕೂತರು. ಕಾಲ ಕೆಳಗೆ ಬ್ರೇಕು ಕಾಯುತ್ತಿತ್ತು. ಹೆಂಡತಿ ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿ, ಎರಡೂ ಕಡೆ ನೋಡಿ ಹೆದ್ದಾರಿಗಿಳಿದಳು.

ಮೊದಲ ಹತ್ತು ಕಿಲೋಮೀಟರ್ ಮೇಷ್ಟ್ರು ಉಸಿರಾಡಿದರೋ ಇಲ್ಲವೋ. ಲಾರಿ ಎದುರಾದಾಗಲೆಲ್ಲ ಕಾಲ ಹೆಬ್ಬೆರಳು ಬ್ರೇಕನ್ನು ಸವರುತ್ತಿತ್ತು. ಅಷ್ಟರಲ್ಲಿ ಅಡ್ಡರಸ್ತೆಯಿಂದ ಒಂದು ಟ್ರ್ಯಾಕ್ಟರು ಮೂತಿ ಹೊರಹಾಕಿತು. ಮೇಷ್ಟ್ರ ಕಾಲು ಊರಿತು, ಇನ್ನೇನು ಒತ್ತಬೇಕು. ಕಾರು ಆಗಲೇ ನಿಧಾನವಾಗಿತ್ತು. ಟ್ರ್ಯಾಕ್ಟರನ್ನು ಆಕೆ ಇವರಿಗಿಂತ ಮೊದಲೇ ನೋಡಿದ್ದಳು. ಅದು ದಾಟಿಕೊಳ್ಳಲಿ ಎಂದು ಬಿಟ್ಟು, ಏನೂ ಆಗದವಳಂತೆ ಮುಂದೆ ಹೊರಟಳು.

ತಾವು ಇಷ್ಟು ಚೆನ್ನಾಗಿ ಯಾರಿಗೂ ಕಲಿಸಿಲ್ಲ ಎಂದು ಮೇಷ್ಟ್ರಿಗೆ ಅನಿಸಿತು. ತಮ್ಮ ಶಿಷ್ಯರೆಲ್ಲ ಪಕ್ಕದ ಕಾಲನ್ನು ನಂಬಿ ಓಡಿಸುವುದನ್ನು ಕಲಿತವರು. ಇವಳ ಪಕ್ಕದಲ್ಲಿ ಇದ್ದದ್ದು ಕಡಲೆಕಾಯಿ ಸಿಪ್ಪೆ ಮಾತ್ರ. ಅವರು ಬಗ್ಗಿ ಚಪ್ಪಲಿ ಬಿಚ್ಚಿದರು. ಒಂದು ಕಾಲನ್ನು ಎತ್ತಿ ಸೀಟಿನ ಮೇಲಿಟ್ಟರು, ಆಮೇಲೆ ಇನ್ನೊಂದನ್ನು. ಮಂಡಿ ನೋಯುತ್ತಿದ್ದರೂ ಚಕ್ಕಳಮಕ್ಕಳ ಹಾಕಿ ಕಿಟಕಿಯ ಕಡೆ ನೋಡುತ್ತಾ ಕೂತರು. ಹೆಂಡತಿ ಓರೆಗಣ್ಣಿನಲ್ಲಿ ನೋಡಿದಳು. ಸ್ವಲ್ಪ ದೂರ ಹೋದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಸ್ಪತ್ರೆ ಮುಟ್ಟಿದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಅಕ್ಕ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು, ಕೈ ತಣ್ಣಗಿತ್ತು. ತಂಗಿಯ ಮುಖ ಸವರಿ, ಮೇಷ್ಟ್ರ ಜೋತುಬಿದ್ದ ತೋಳನ್ನೂ ತಂಗಿಯ ಕೈಯಲ್ಲಿದ್ದ ಕೀಲಿಯನ್ನೂ ನೋಡಿದಳು. ಅವಳಿಗೆ ಅರ್ಥವಾಯಿತು.

"ಎಷ್ಟು ಸಲ ಬ್ರೇಕ್ ಹಾಕಿದ್ರಿ ಮೇಷ್ಟ್ರೇ?"

"ನನ್ನ ಕಾಲು ಸೀಟಿನ ಮೇಲಿತ್ತು ಅತ್ತಿಗೆ" ಎಂದರು ಮೇಷ್ಟ್ರು.

ಅಕ್ಕ ನಕ್ಕಳು. ನಗು ಹಾಗೇ ನಿಂತು, ಕಣ್ಣು ತುಂಬಿತು. ಬೆಳಗಿನಿಂದ ಯಾರಿಗೂ ಹೇಳದ ಹೆದರಿಕೆ ಆಗ ಬಾಯಿಗೆ ಬಂತು. "ನಾಳೆ ನಾನೂ ಹಾಗೇ ಮಲಗ್ಬೇಕಲ್ಲ. ಓಡಿಸೋದು ಬೇರೆಯವರು, ನನ್ನ ಕಾಲಲ್ಲಿ ಏನೂ ಇರಲ್ಲ. ಕಷ್ಟ ಆಗುತ್ತಾ?"

ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವ ಸುಳ್ಳನ್ನು ಹೇಳಲು ಮೇಷ್ಟ್ರಿಗೆ ಮನಸ್ಸಾಗಲಿಲ್ಲ.

"ಮೊದಲ ಹತ್ತು ಕಿಲೋಮೀಟರ್ ಕಷ್ಟ" ಎಂದರು.

ಅಕ್ಕ ಅವರ ನೋಯದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನರ್ಸು ಬಂದು ಹೊತ್ತಾಯಿತು ಎಂದಳು. ಒಳಗೆ ಬಿಡದಿದ್ದರೂ ಬೆಳಿಗ್ಗೆ ಆರಕ್ಕೇ ಬಂದು ಬಾಗಿಲಾಚೆ ಕೂತಿರುತ್ತೇವೆ ಎಂದು ತಂಗಿ ಅಕ್ಕನಿಗೆ ಮಾತು ಕೊಟ್ಟಳು. ಕಾರಿನ ಕೀಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಮೇಷ್ಟ್ರು ಅದನ್ನು ಕೇಳಲಿಲ್ಲ.